ಆಲ್ಪ್ಸ್ ಸರೋವರಗಳಿಗೆ 6 ಮೀಟರಿನ ಕ್ಯಾಂಪರ್ ವ್ಯಾನ್: ಹಲವು ವರ್ಷಗಳ ಬಳಕೆಯ ನಂತರ

ಆಲ್ಪ್ಸ್ ಪರ್ವತಗಳ ಘಟ್ಟ, ಸರೋವರಗಳನ್ನು ಸುತ್ತಲೆಂದು ಮೋಟರ್‌ಹೋಮ್ ಕೊಳ್ಳಲು ಹೊರಟವರಿಗೆ ಮೊದಲು ಹೇಳಬೇಕಾದದ್ದು ಒಂದೇ: ಅಗಲ ನೋಡಿ ಕೊಳ್ಳಿ. ಮಳಿಗೆಯಲ್ಲಿ ಎಲ್ಲರ ಕಣ್ಣು ಹಾಸಿಗೆಯ ಉದ್ದ, ಫ್ರಿಜ್ಜಿನ ಗಾತ್ರ, ಸೋಫಾದ ಬಟ್ಟೆಯ ಮೇಲಿರುತ್ತದೆ. ಘಟ್ಟದ ತಿರುವಿನಲ್ಲಿ ಎದುರಿನಿಂದ ಬಸ್ ಬಂದಾಗ ಇವು ಯಾವುವೂ ನೆರವಿಗೆ ಬರುವುದಿಲ್ಲ. ನಮ್ಮದು ಫಿಯೆಟ್ ಡುಕಾಟೊ ವ್ಯಾನಿನೊಳಗೆ ಮನೆ ಕಟ್ಟಿದ ಮಾದರಿ. ಉದ್ದ 5.99 ಮೀಟರ್, ಅಗಲ 2.05 ಮೀಟರ್, ಎಂಜಿನ್ 140 ಅಶ್ವಶಕ್ತಿ. ಹಿಂಭಾಗದಲ್ಲಿ ಅಡ್ಡಲಾಗಿ ಒಂದು ಹಾಸಿಗೆ, ಮಕ್ಕಳಿಗೆ ಮೇಲೆತ್ತುವ ಚಾವಣಿಯಲ್ಲಿ ಇನ್ನೊಂದು. ದಕ್ಷಿಣ ಬವೇರಿಯಾದಲ್ಲಿ ನಮ್ಮ ಮನೆ ಇರುವುದರಿಂದ ಆಸ್ಟ್ರಿಯಾ, ಇಟಲಿ, ಸ್ವಿಟ್ಜರ್‌ಲೆಂಡ್, ಸ್ಲೊವೇನಿಯಾ ಎಲ್ಲವೂ ಅರ್ಧ ದಿನದ ಹಾದಿ.

ವ್ಯಾನಿನಲ್ಲಿ ಬೆಲ್ಟ್ ಇರುವ ಆಸನಗಳು ನಾಲ್ಕೇ. ಅಪ್ಪ, ಅಮ್ಮ ಊರಿನಿಂದ ಬಂದಾಗ ಆರು ಜನರ ದೊಡ್ಡ ಮೋಟರ್‌ಹೋಮ್ ಬಾಡಿಗೆಗೆ ಪಡೆಯುತ್ತೇವೆ. ಅದು 7 ಮೀಟರ್ ಉದ್ದ, 2.3 ಮೀಟರ್ ಅಗಲ, ಚಾಲಕನ ತಲೆಯ ಮೇಲೆ ಹಾಸಿಗೆ ಚಾಚಿರುವ ಮಾದರಿ. ಹಾಗಾಗಿ ಎರಡನ್ನೂ ಅದೇ ರಸ್ತೆಗಳಲ್ಲಿ ಓಡಿಸಿ ಹೋಲಿಸುವ ಅವಕಾಶ ಸಿಕ್ಕಿದೆ. ಕಾಗದದ ಮೇಲೆ 25 ಸೆಂಟಿಮೀಟರಿನ ವ್ಯತ್ಯಾಸ ಏನೂ ಅಲ್ಲ ಅನ್ನಿಸುತ್ತದೆ. ರಸ್ತೆಯ ಮೇಲೆ ಅದೇ ಎಲ್ಲವನ್ನೂ ನಿರ್ಧರಿಸುತ್ತದೆ.

ಆಲ್ಪ್ಸ್‌ನ ರಸ್ತೆಯೊಂದು ಹೇಗಿದೆ ಎಂದು ತಿಳಿಯಲು ಅದನ್ನು ಯಾವ ಕಾಲದಲ್ಲಿ, ಯಾವ ವಾಹನಕ್ಕೆಂದು ಕಟ್ಟಿದರು ಎಂದು ನೋಡಿದರೆ ಸಾಕು. ಇಟಲಿಯ ಸ್ಟೆಲ್ವಿಯೊ ಘಟ್ಟದ ರಸ್ತೆ 1820ರಿಂದ 1825ರ ನಡುವೆ ಆಸ್ಟ್ರಿಯಾ ಸಾಮ್ರಾಜ್ಯದ ಆಳ್ವಿಕೆಯಲ್ಲಿ ಕುದುರೆಗಾಡಿಗಳಿಗಾಗಿ ಆದದ್ದು. 2,750 ಮೀಟರಿಗೂ ಎತ್ತರದ ನೆತ್ತಿಗೆ ಪ್ರಾಡ್ ಊರಿನ ಕಡೆಯಿಂದ 48 ಹೇರ್‌ಪಿನ್ ತಿರುವುಗಳು. ನಮ್ಮ ವ್ಯಾನ್ ಅದನ್ನು ಹತ್ತಿತು, ಆದರೆ ಕೆಲವು ತಿರುವುಗಳಲ್ಲಿ ರಸ್ತೆಯ ಪೂರ್ತಿ ಅಗಲ ಬೇಕಾಯಿತು. ಬಾಡಿಗೆಯ ದೊಡ್ಡ ಗಾಡಿಯನ್ನು ನಾನು ಅಲ್ಲಿಗೆ ಒಯ್ಯುವುದಿಲ್ಲ. ಇದಕ್ಕೆ ತದ್ವಿರುದ್ಧವಾದದ್ದು ಸ್ವಿಟ್ಜರ್‌ಲೆಂಡಿನ ಸುಸ್ಟೆನ್ ಘಟ್ಟ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಮೋಟಾರು ವಾಹನಗಳಿಗೆಂದೇ ಕಟ್ಟಿದ ಈ ರಸ್ತೆಯ ಎತ್ತರ 2,224 ಮೀಟರ್, ತಿರುವುಗಳು ಉದಾರ, ಏರು ಹದವಾದದ್ದು. ಹಿಮನದಿಯನ್ನು ನೋಡುತ್ತಾ ನೆಮ್ಮದಿಯಿಂದ ಓಡಿಸಬಹುದು. ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್ ರಸ್ತೆಯೂ ಇದೇ ಜಾತಿಯದು. ಎಂಜಿನಿಯರ್ ಫ್ರಾಂಟ್ಸ್ ವಾಲಕ್ ರೂಪಿಸಿದ ಈ 48 ಕಿಲೋಮೀಟರ್ ಹಾದಿ 1935ರಲ್ಲಿ ತೆರೆಯಿತು. 36 ತಿರುವುಗಳಿವೆ, ಏರು ಶೇ. 12ನ್ನು ಮೀರುವುದಿಲ್ಲ. ಸುಂಕ ಹೆಚ್ಚೇ, ಆದರೆ ದೊಡ್ಡ ಮೋಟರ್‌ಹೋಮ್ ಇರುವವರು ಮೊದಲ ಸಲ ಎತ್ತರಕ್ಕೆ ಹೋಗಲು ನಾನು ಹೇಳುವ ರಸ್ತೆ ಇದೇ. ಸ್ವಿಟ್ಜರ್‌ಲೆಂಡಿನ ಫುರ್ಕಾ ಘಟ್ಟದಲ್ಲಿ ರಿಯಾಲ್ಪ್ ಊರಿನ ಕಡೆಯ ಇಳಿಜಾರು ಕಿರಿದಾಗಿದೆ, ಅಂಚಿನಲ್ಲಿ ತಡೆಗೋಡೆಯ ಬದಲು ಕಲ್ಲುಗಳು. ಆ ದೇಶದ ಇಂಥ ರಸ್ತೆಗಳಲ್ಲಿ ಹಳದಿ ಬಣ್ಣದ ಅಂಚೆ ಬಸ್ಸಿಗೆ ಆದ್ಯತೆ. ನೀಲಿ ಫಲಕದ ಮೇಲೆ ಹಳದಿ ಕೊಂಬಿನ ಚಿತ್ರ ಕಂಡರೆ ಬಸ್ ಚಾಲಕ ತೋರಿಸಿದ ಕಡೆ ನಿಲ್ಲಬೇಕು, ಅಗತ್ಯವಾದರೆ ಹಿಂದಕ್ಕೂ ಹೋಗಬೇಕು. ಕುರುಡು ತಿರುವಿನ ಆಚೆಯಿಂದ ಅದರ ಮೂರು ಸ್ವರದ ಹಾರ್ನ್ ಕೇಳಿದ ಕೂಡಲೇ ಅಗಲವಾದ ಜಾಗ ಹುಡುಕಿ ನಿಂತುಬಿಡುವುದು ಜಾಣತನ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಆಗುಂಬೆ, ಚಾರ್ಮಾಡಿ ಇಳಿದು ಅಭ್ಯಾಸವಿರುವವರಿಗೆ ಕೆಳಗಿನ ಗೇರಿನಲ್ಲಿ ಎಂಜಿನ್ನಿನಿಂದಲೇ ವೇಗ ಹಿಡಿದಿಡುವುದು ಹೊಸತಲ್ಲ. ಇಲ್ಲಿ ವ್ಯತ್ಯಾಸವೆಂದರೆ ಮೂರೂವರೆ ಟನ್ ತೂಕ ಮತ್ತು ಇಪ್ಪತ್ತು ಕಿಲೋಮೀಟರ್ ಬಿಡುವಿಲ್ಲದ ಇಳಿಜಾರು. ಹತ್ತಿದ ಗೇರಿನಲ್ಲೇ ಇಳಿಯಿರಿ ಎಂಬ ಹಳೆಯ ನಿಯಮವನ್ನು ನಾನು ಬಿಟ್ಟಿಲ್ಲ, ಬ್ರೇಕ್ ಒಮ್ಮೆಯೂ ಕಾದು ವಾಸನೆ ಬಂದಿಲ್ಲ. ಆಟೊಮ್ಯಾಟಿಕ್ ಗೇರ್ ಇರುವ ಗಾಡಿಯಲ್ಲಿಯೂ ಇಳಿಯುವಾಗ ಕೈಯಾರೆ ಗೇರ್ ಆರಿಸಿಕೊಳ್ಳಿ.

ಇನ್ನು ತೂಕ. ಯುರೋಪಿನ ಸಾಮಾನ್ಯ ಕಾರು ಪರವಾನಗಿಗೆ 3,500 ಕಿಲೋ ಮಿತಿ ಎಂಬುದನ್ನು ಇಟ್ಟುಕೊಂಡೇ ಈ ವಾಹನಗಳು ತಯಾರಾಗುತ್ತವೆ. ಮಿತಿ ದಾಟಿದ ವರ್ಗದ ಗಾಡಿಗೆ ಆಸ್ಟ್ರಿಯಾದಲ್ಲಿ ಹೆದ್ದಾರಿ ಸ್ಟಿಕರ್ ಸಾಲದು, ಕಿಲೋಮೀಟರ್ ಲೆಕ್ಕದ ಸುಂಕಕ್ಕೆ ಗಾಡಿಯಲ್ಲಿ ಎಲೆಕ್ಟ್ರಾನಿಕ್ ಪೆಟ್ಟಿಗೆ ಬೇಕು. ಸ್ವಿಟ್ಜರ್‌ಲೆಂಡಿನಲ್ಲಿ ವರ್ಷಕ್ಕೆ 40 ಫ್ರಾಂಕಿನ ವಿನ್ಯೆಟ್ (ಹೆದ್ದಾರಿ ಸ್ಟಿಕರ್) ಬದಲು ಭಾರಿ ವಾಹನದ ತೆರಿಗೆ. ನಮ್ಮಂಥ ವ್ಯಾನಿನಲ್ಲಿ ಸಾಮಾನಿಗೆ, ಜನರಿಗೆ ಉಳಿಯುವುದು ಸುಮಾರು ಐನೂರು ಕಿಲೋ. ತುಂಬಿದ ನೀರಿನ ಟ್ಯಾಂಕ್ ಒಂದೇ ನೂರು ಕಿಲೋ ನುಂಗುತ್ತದೆ. 11 ಕಿಲೋ ಗ್ಯಾಸಿನ ಉಕ್ಕಿನ ಸಿಲಿಂಡರ್ ತುಂಬಿದಾಗ ಇಪ್ಪತ್ತು ಕಿಲೋ ದಾಟುತ್ತದೆ. ಎರಡು ವಿದ್ಯುತ್ ಸೈಕಲ್ ಹಿಂದೆ ಕಟ್ಟಿದರೆ ಮತ್ತೊಂದು ಐವತ್ತು. ಹೊರಡುವ ಮುನ್ನ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿಸುವುದು ನಮ್ಮ ವಾಡಿಕೆ. ಮೂವತ್ತು ಲೀಟರ್ ನೀರಿನಲ್ಲಿ ಹೊರಟು, ಕ್ಯಾಂಪ್‌ಸೈಟ್ ತಲುಪಿದ ಮೇಲೆ ಟ್ಯಾಂಕ್ ತುಂಬಿಸುತ್ತೇವೆ. ಸೈಕಲ್ ಹಿಂದಕ್ಕೆ ಚಾಚಿದ್ದರೆ ಇಟಲಿಯಲ್ಲಿ ಕೆಂಪು, ಬಿಳಿ ಪಟ್ಟಿಯ ಚೌಕ ಫಲಕ ಕಡ್ಡಾಯ.

ಅಡುಗೆಯ ವಿಷಯಕ್ಕೆ ಬಂದರೆ, ಸಸ್ಯಾಹಾರಿ ಕುಟುಂಬಕ್ಕೆ ಈ ವಾಹನದ ಬೆಲೆ ತೀರುವುದು ಇಲ್ಲೇ. ಪರ್ವತದ ಹೋಟೆಲುಗಳಲ್ಲಿ ನಮಗೆ ಸಿಗುವುದು ಚೀಸ್ ಸುರಿದ ಷ್ಪೆಟ್ಸ್‌ಲೆ (ನೂಡಲ್ಸಿನಂಥ ಹಿಟ್ಟಿನ ತಿನಿಸು), ಇಲ್ಲವೇ ಸೂಪು. ಮೂರನೇ ದಿನಕ್ಕೆ ಮಕ್ಕಳು ಅನ್ನ, ಸಾರು ಕೇಳುತ್ತಾರೆ. ಎರಡು ಒಲೆಯ ಗ್ಯಾಸ್ ಸ್ಟವ್ ಸಾಕು, ಆದರೆ ಕುಕ್ಕರ್ ಬಿಟ್ಟು ಹೋಗಬೇಡಿ. 2,000 ಮೀಟರ್ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯುವಷ್ಟರಲ್ಲಿ ಗ್ಯಾಸೂ ಹೊತ್ತೂ ಮುಗಿದಿರುತ್ತವೆ. ಇಟಲಿಯ ಡಾಲಮೈಟ್ ಬೆಟ್ಟಗಳ ಮಿಸುರಿನಾ ಸರೋವರದ ಬಳಿ, 1,754 ಮೀಟರ್ ಎತ್ತರದಲ್ಲಿ, ಮೂರು ಲೀಟರಿನ ಕುಕ್ಕರಿನಲ್ಲಿ ಮಾಡಿದ ಹುಳಿಯನ್ನ ಮನೆಯಲ್ಲಿ ಮಾಡಿದಂತೆಯೇ ಬಂತು. ಒಗ್ಗರಣೆಯನ್ನು ಮಾತ್ರ ವ್ಯಾನಿನೊಳಗೆ ಹಾಕುವುದಿಲ್ಲ. ಮೆಣಸಿನಕಾಯಿ, ಇಂಗಿನ ಘಾಟು ಹೊದಿಕೆಗೆ ಹತ್ತಿದರೆ ಪ್ರವಾಸ ಮುಗಿದರೂ ಬಿಡುವುದಿಲ್ಲ. ನನ್ನ ಹೆಂಡತಿ ಮನೆಯಲ್ಲೇ ಒಗ್ಗರಣೆಯನ್ನು ಗಟ್ಟಿಯಾಗಿ ಹುರಿದು ಬಾಟಲಿಗೆ ಹಾಕುತ್ತಾಳೆ, ಜೊತೆಗೆ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಗಟ್ಟಿ ಅವಲಕ್ಕಿ.

ಗ್ಯಾಸ್ ಕೊಳ್ಳುವಾಗ ಪ್ರೊಪೇನ್ ಎಂದು ಕೇಳಿ ಪಡೆಯಿರಿ. ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗುವುದನ್ನೇ ನಿಲ್ಲಿಸುತ್ತದೆ, ಪ್ರೊಪೇನ್ −42 ಡಿಗ್ರಿಯವರೆಗೂ ಆವಿಯಾಗುತ್ತದೆ. ಎತ್ತರದ ಕಣಿವೆಗಳಲ್ಲಿ ಸೆಪ್ಟೆಂಬರ್ ರಾತ್ರಿಯೇ ಸೊನ್ನೆ ಮುಟ್ಟಬಹುದು, ಹೀಟರ್ ಉರಿಯುವುದು ಇದೇ ಗ್ಯಾಸಿನಿಂದ. ಒಂದು ದೇಶದ ಸಿಲಿಂಡರ್ ಇನ್ನೊಂದರಲ್ಲಿ ಸಾಮಾನ್ಯವಾಗಿ ಬದಲಾಯಿಸಿಕೊಡುವುದಿಲ್ಲ, ಹಾಗಾಗಿ ಉದ್ದದ ಪ್ರವಾಸಕ್ಕೆ ಎರಡು ತುಂಬಿದವನ್ನೇ ಒಯ್ಯುತ್ತೇವೆ. ವ್ಯಾನಿನೊಂದಿಗೆ ಬಂದ ಸೀಸದ ಬ್ಯಾಟರಿಯಲ್ಲಿ ಅರ್ಧದಷ್ಟು ವಿದ್ಯುತ್ತನ್ನು ಮಾತ್ರ ಬಳಸಬಹುದಿತ್ತು. ಅದನ್ನು ತೆಗೆದು 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿಸಿದೆವು, ಚಾವಣಿಗೆ ಒಂದು ಸೌರ ಫಲಕ. ಕಂಪ್ರೆಸರ್ ಫ್ರಿಜ್, ದೀಪ, ಮೊಬೈಲುಗಳಿಗೆ ಬೇಸಿಗೆಯಲ್ಲಿ ಇದು ಸಾಕು. ಖರ್ಚು ಮಾಡಿದ್ದರಲ್ಲಿ ಅತ್ಯಂತ ತೃಪ್ತಿ ಕೊಟ್ಟದ್ದು ಇದೇ.

ದೂರುಗಳೂ ಇವೆ. ಒಳಾಂಗಣ ಕಟ್ಟಿದ ಕಂಪನಿ ಮೇಲಿನ ಕಪಾಟುಗಳಿಗೆ ಬಳಸಿದ ಸ್ಕ್ರೂಗಳು ಎರಡನೇ ಬೇಸಿಗೆಗೇ ಸಡಿಲವಾದವು. ವಾರಂಟಿಯಲ್ಲಿ ಸರಿಪಡಿಸಿಕೊಡಲು ತಿಂಗಳುಗಟ್ಟಲೆ ಕಾಯಿಸಿದರು, ಕೊನೆಗೆ ನಾನೇ ಉದ್ದನೆಯ ಸ್ಕ್ರೂ ಹಾಕಿ ಬಿಗಿದೆ. ಮೇಲೆತ್ತುವ ಚಾವಣಿಯ ಬಟ್ಟೆ ಮಳೆಯ ರಾತ್ರಿಗಳಲ್ಲಿ ಒಳಗಿನಿಂದ ಬೆವರುತ್ತದೆ. ಒದ್ದೆಯಾಗಿ ಮಡಚಿದರೆ ಬೂಷ್ಟು ಹಿಡಿಯುವುದು ಖಂಡಿತ, ಆದ್ದರಿಂದ ಮನೆಗೆ ಬಂದ ದಿನವೇ ತೆರೆದು ಒಣಗಿಸಬೇಕು. ಸ್ನಾನದ ಕೋಣೆಯನ್ನು ನಾವು ಒಗೆದ ಬಟ್ಟೆ ನೇತುಹಾಕಲು ಬಳಸುತ್ತೇವೆ. ಶೌಚಾಲಯದ ಕ್ಯಾಸೆಟ್ (ಹೊರತೆಗೆದು ಖಾಲಿ ಮಾಡುವ ಪೆಟ್ಟಿಗೆ) ನಾಲ್ಕು ಜನರಿಗೆ ಎರಡು ದಿನಕ್ಕೆ ತುಂಬುತ್ತದೆ, ಖಾಲಿ ಮಾಡುವ ಜಾಗ ಮೊದಲೇ ನೋಡಿಟ್ಟುಕೊಳ್ಳಬೇಕು. ಒದ್ದೆ ಹುಲ್ಲಿನ ಮೇಲೆ ಮುಂದಿನ ಚಕ್ರಗಳು ನಿಂತಲ್ಲೇ ಸುತ್ತುತ್ತವೆ ಎಂದು ಗಟ್ಟಿ ನೆಲವಿರುವ ತಾಣವನ್ನೇ ಕೇಳುತ್ತೇನೆ.

ಇಷ್ಟಾದರೂ ಮಾರುವ ಯೋಚನೆ ಬಂದಿಲ್ಲ. ಕಾರಣ, ಸರೋವರಗಳ ಬೆಳಗು ಮತ್ತು ಸಂಜೆ. ಡಾಲಮೈಟ್‌ನ ಬ್ರಾಯೆಸ್ ಸರೋವರಕ್ಕೆ ಬೇಸಿಗೆಯ ಮುಖ್ಯ ವಾರಗಳಲ್ಲಿ ಹಗಲು ಹೊತ್ತು ಮುಂಗಡ ಕಾಯ್ದಿರಿಸದ ವಾಹನಗಳನ್ನು ಕಣಿವೆಯೊಳಗೆ ಬಿಡುವುದೇ ಇಲ್ಲ. ಅಷ್ಟು ಜನ. ಪಕ್ಕದ ಕಣಿವೆಯಲ್ಲಿ ರಾತ್ರಿ ತಂಗಿ ಬೆಳಗ್ಗೆ ಏಳಕ್ಕೆ ದಡದಲ್ಲಿದ್ದರೆ ಅದೇ ಸರೋವರ ಬೇರೆಯೇ. ಸ್ಲೊವೇನಿಯಾದ ಬೋಹಿನ್ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಟ್ರಿಗ್ಲಾವ್ ರಾಷ್ಟ್ರೀಯ ಉದ್ಯಾನದೊಳಗಿನ ಈ ಸರೋವರ ನಾಲ್ಕು ಕಿಲೋಮೀಟರ್ ಉದ್ದ, ಮೋಟಾರು ದೋಣಿಗಳ ಸದ್ದಿಲ್ಲ, ಉಕಾನ್ಸ್ ಎಂಬ ತುದಿಯಲ್ಲಿ ನೀರಿನಂಚಿಗೇ ಕ್ಯಾಂಪ್‌ಸೈಟ್. ಉದ್ಯಾನದೊಳಗೆ ಕ್ಯಾಂಪ್‌ಸೈಟ್ ಬಿಟ್ಟು ಬೇರೆಲ್ಲಿಯೂ ರಾತ್ರಿ ನಿಲ್ಲಿಸುವಂತಿಲ್ಲ, ಅದು ಸರಿಯಾದ ನಿಯಮವೇ. ಇಟಲಿಯ ಗಾರ್ಡಾ ಸರೋವರದಲ್ಲಿ ಗಾಳಿಯೇ ಗಡಿಯಾರ: ಬೆಳಗ್ಗೆ ಉತ್ತರದಿಂದ ಪೆಲೆರ್, ಮಧ್ಯಾಹ್ನ ದಕ್ಷಿಣದಿಂದ ಓರಾ. ಅದರ ದಡದ ಟೋರ್ಬೊಲೆ ಊರಿನಲ್ಲಿ ಊಟದ ಹೊತ್ತಿಗೆ ಬಿಸಿಲುಚಪ್ಪರ ಸುತ್ತಿಡದಿದ್ದರೆ ಗಾಳಿ ಮುರಿದುಹಾಕುತ್ತದೆ. 1931ರಲ್ಲಿ ತೆರೆದ ಅಲ್ಲಿನ ಪಶ್ಚಿಮ ದಡದ ರಸ್ತೆಯ ಹಳೆಯ ಸುರಂಗಗಳಲ್ಲಿ ಬಸ್ ಎದುರಾದಾಗ ಮತ್ತೆ ಆ 25 ಸೆಂಟಿಮೀಟರ್ ನೆನಪಾಗುತ್ತದೆ. ಕಾನ್ಸ್‌ಟೆನ್ಸ್ ಸರೋವರವನ್ನು ಸುತ್ತಿ ಹೋಗುವ ಬದಲು ಮೀರ್ಸ್‌ಬುರ್ಗ್‌ನಿಂದ ಫೆರಿ ಹಿಡಿಯಿರಿ, ರಾತ್ರಿಯೂ ಓಡುತ್ತದೆ.

ರಾತ್ರಿ ಎಲ್ಲಿ ಬೇಕಾದರೂ ನಿಲ್ಲಿಸಬಹುದು ಎಂಬ ನಂಬಿಕೆ ಇಟ್ಟುಕೊಂಡು ಬರಬೇಡಿ. ಜರ್ಮನಿಯಲ್ಲಿ ದಣಿವಾರಿಸಿಕೊಳ್ಳಲು ಒಂದು ರಾತ್ರಿ ನಿಲ್ಲಬಹುದು, ಕುರ್ಚಿ, ಮೇಜು ಹೊರಗೆ ಇಡುವಂತಿಲ್ಲ. ಆಸ್ಟ್ರಿಯಾದ ಟಿರೋಲಿನಲ್ಲಿ ಕ್ಯಾಂಪ್‌ಸೈಟಿನ ಹೊರಗೆ ಬಿಡಾರ ನಿಷಿದ್ಧ. ಇಟಲಿಯಲ್ಲಿ ಚಕ್ರಗಳ ಮೇಲೆ ನಿಂತಿರುವವರೆಗೆ ಅದು ನಿಲುಗಡೆ, ಚಪ್ಪರ ಬಿಚ್ಚಿದರೆ ಕ್ಯಾಂಪಿಂಗ್. ಸ್ಥಳೀಯ ಫಲಕ ಇನ್ನೂ ಬಿಗಿಯಾಗಿರಬಹುದು. ನಾವು ಬಹುತೇಕ ಹಣ ಕೊಟ್ಟೇ ತಂಗುತ್ತೇವೆ. ಹಳ್ಳಿಗಳು ಮೋಟರ್‌ಹೋಮಿಗೆಂದೇ ಬಿಟ್ಟಿರುವ ತಾಣಗಳು ಅಗ್ಗ, ಶುಚಿ. ಬೆಳಗ್ಗೆ ಅದೇ ಊರಿನ ಬೇಕರಿಯಲ್ಲಿ ಬ್ರೆಡ್ ಕೊಂಡರೆ ಅವರಿಗೂ ಒಳ್ಳೆಯದು.

ಹಣ ಉಳಿಯುತ್ತದೆಂದು ಕೊಳ್ಳುವುದಾದರೆ ಬೇಡ. ವಿಮೆ, ಟಯರ್, ಗ್ಯಾಸ್ ತಪಾಸಣೆ, ನೂರು ಕಿಲೋಮೀಟರಿಗೆ ಹತ್ತು ಲೀಟರ್ ಮುಟ್ಟುವ ಡೀಸೆಲ್ ಎಲ್ಲ ಸೇರಿದರೆ ವರ್ಷಕ್ಕೆ ಎರಡು ವಾರ ಮಾತ್ರ ಓಡಿಸುವವರಿಗೆ ಬಾಡಿಗೆಯೇ ಲೇಸು. ಕರ್ನಾಟಕದಿಂದ ಬಂದು ಓಡಿಸಬೇಕೆಂದಿರುವವರು ಊರಿನ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆದು, ಮೂಲ ಪರವಾನಗಿಯನ್ನೂ ಜೊತೆಗೆ ತನ್ನಿ. ಬಾಡಿಗೆ ಕಂಪನಿಗಳು ವಯಸ್ಸು, ಚಾಲನೆಯ ಅನುಭವ ಎರಡನ್ನೂ ಕೇಳುತ್ತವೆ. ಹಿರಿಯರು ಜೊತೆಗಿದ್ದರೆ ಕೆಳಗೆ ಸ್ಥಿರ ಹಾಸಿಗೆ ಇರುವ ಮಾದರಿಯನ್ನೇ ಆರಿಸಿ. ನಮ್ಮ ಅಮ್ಮನಿಗೆ ಮಂಡಿ ನೋವಿನಿಂದ ಮೇಲಿನ ಹಾಸಿಗೆಯ ಏಣಿ ಹತ್ತಲಾಗದೆ ಊಟದ ಮೇಜನ್ನೇ ಪ್ರತಿ ರಾತ್ರಿ ಮಡಚಿ ಹಾಸಿಗೆ ಮಾಡಬೇಕಾಯಿತು. ಎಡಬದಿಯ ಸ್ಟಿಯರಿಂಗ್, ರಸ್ತೆಯ ಬಲಬದಿ ಎರಡಕ್ಕೂ ಕೈ ಒಗ್ಗಲು ಮೊದಲೆರಡು ದಿನ ಬವೇರಿಯಾದ ಕೀಮ್‌ಜೀ ಸರೋವರದ ಸುತ್ತಲಿನ ಸಮತಟ್ಟು ರಸ್ತೆಗಳಲ್ಲೇ ಓಡಾಡಿ, ಆಮೇಲೆ ಘಟ್ಟ ಹತ್ತಿ. ತಿಂಗಳು ಜೂನ್ ಅಥವಾ ಸೆಪ್ಟೆಂಬರ್ ಇರಲಿ. ಆಗಸ್ಟ್ ನಡುಭಾಗದಲ್ಲಿ ಇಟಲಿಯೇ ರಜೆಯಲ್ಲಿರುತ್ತದೆ, ಸರೋವರದ ದಡದಲ್ಲಿ ಖಾಲಿ ತಾಣ ಸಿಗುವುದಿಲ್ಲ.