ವರ್ಷದ ಮೇಲೆ ಬಳಸಿದ ಗಾಜಿನ ತೂಕದ ಮಷಿನ್: ನಂಬಬಹುದು, ಆದರೆ ಇದೊಂದನ್ನೇ

ಇದು ಮಾಮೂಲಿ ಗಾಜಿನ ಡಿಜಿಟಲ್ ಮಷಿನ್. ನಾಲ್ಕು ಮೂಲೆಗೆ ನಾಲ್ಕು ರಬ್ಬರ್ ಕಾಲು, ಎರಡು ಸಣ್ಣ ಸೆಲ್, 180 ಕೆಜಿವರೆಗೆ ತಡೆಯುತ್ತದೆ, 100 ಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ. ಬ್ರಾಂಡ್ ಹೆಸರು ಬರೆಯುತ್ತಿಲ್ಲ, ಯಾಕಂದ್ರೆ ಈ ಬೆಲೆಗೆ ಸಿಗುವ ಬಹುತೇಕ ಮಷಿನ್‌ಗಳ ಹೊಟ್ಟೆಯೊಳಗೆ ಇರುವುದು ಒಂದೇ ತರಹದ ಸಾಮಾನು. ನಾನು ತಗೊಂಡಾಗ 86ರ ಹತ್ತಿರ ಇದ್ದೆ, ಈಗ 75ರ ಆಸುಪಾಸು. ಇಳಿದದ್ದಕ್ಕೆ ಮಷಿನ್‌ಗೆ ಮಾರ್ಕ್ಸ್ ಕೊಡೋಕಾಗಲ್ಲ, ಇಳಿದದ್ದನ್ನು ಸರಿಯಾಗಿ ತೋರಿಸಿತಾ ಅನ್ನುವುದಷ್ಟೇ ಇಲ್ಲಿನ ಪ್ರಶ್ನೆ.

ತೂಕ ಇಳಿಸುವವರ ದೊಡ್ಡ ತಲೆನೋವು ಗೊತ್ತಲ್ವಾ, ಒಂದೊಂದು ಕಡೆ ಒಂದೊಂದು ನಂಬರ್. ಮನೆಯಲ್ಲಿ 81.4 ಬಂದ ದಿನ ಜಿಮ್‌ನಲ್ಲಿ 82.5. ಅದೇ ಸಂಜೆ ಮೆಡಿಕಲ್ ಶಾಪ್ ಮುಂದಿನ ಮಷಿನ್‌ನಲ್ಲಿ, ಚಪ್ಪಲಿ ಹಾಕಿಕೊಂಡೇ, 83.6. ಜಿಮ್ ಟ್ರೈನರ್ ಅಂತೂ ಖಡಾಖಂಡಿತ: "ಸರ್, ನಮ್ ಮಷಿನ್ ಕರೆಕ್ಟು, ನಿಮ್ ಮನೇದು ಕಮ್ಮಿ ತೋರ್ಸುತ್ತೆ." ಊರಿಗೆ ಹೋದಾಗ ಅಡಿಕೆ ಮಂಡಿಯ ಮಷಿನ್ ಮೇಲೂ ನಿಂತು ನೋಡಿದೆ. ಅಲ್ಲಿ ವ್ಯಾಪಾರ ನಡೆಯುವುದರಿಂದ ಅದನ್ನು ಕಾನೂನು ಮಾಪನಶಾಸ್ತ್ರ ಇಲಾಖೆಯವರು ಆಗಾಗ ಪರೀಕ್ಷೆ ಮಾಡಿ ಮುದ್ರೆ ಒತ್ತಬೇಕು. ಮನೆಯ ಮಷಿನ್‌ಗೆ ಯಾರೂ ಬಂದು ಮುದ್ರೆ ಒತ್ತುವುದಿಲ್ಲ. ಮಂಡಿಯದ್ದು ಜಿಮ್ ಕಡೆಗೇ ವಾಲಿತು.

ಹಾಗಾದರೆ ನನ್ನದು ಎಷ್ಟು ಕಮ್ಮಿ ತೋರಿಸುತ್ತದೆ? ಇದನ್ನು ನೋಡೋಕೆ ಮನೆಯಲ್ಲೇ ಒಳ್ಳೆ ಸಾಧನ ಇದೆ: ಹೊಸ ಗ್ಯಾಸ್ ಸಿಲಿಂಡರ್. ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರುತ್ತದೆ, ಒಳಗೆ 14.2 ಕೆಜಿ ಗ್ಯಾಸ್. ನಮಗೆ ಬಂದದ್ದರ ಮೇಲೆ 15.7 ಅಂತ ಇತ್ತು, ಒಟ್ಟು 29.9 ಬರಬೇಕು. ಮಷಿನ್ ಮೇಲೆ ದಪ್ಪ ರಟ್ಟು ಹಾಕಿ, ಸೊನ್ನೆ ಬಂದ ಮೇಲೆ ಸಿಲಿಂಡರ್ ಇಟ್ಟೆ (ಗಾಜಿನ ಮೇಲೆ ನೇರವಾಗಿ ಇಡಬೇಡಿ ಮಾರಾಯ್ರೆ). 29.6. 26 ಕೆಜಿ ಅಕ್ಕಿ ಮೂಟೆಯಲ್ಲೂ ಹೆಚ್ಚು ಕಮ್ಮಿ ಇದೇ ಲೆಕ್ಕ. 2022ರಲ್ಲಿ 25 ಕೆಜಿವರೆಗಿನ ಪ್ಯಾಕ್‌ಗೆ ಜಿಎಸ್‌ಟಿ ಬಂದ ಮೇಲೆ ಶುರುವಾಯ್ತಲ್ಲ, ಆ ಮೂಟೆ. ಅಂದರೆ ನೂರಕ್ಕೆ ಒಂದರಷ್ಟು ಕಮ್ಮಿ. 80 ಕೆಜಿಗೆ ಮುಕ್ಕಾಲು ಕೆಜಿ ಮೇಲೆ. ಜಿಮ್ ಜೊತೆಗಿನ ಜಗಳದ ಬಹುಪಾಲು ಅಲ್ಲೇ ಮುಗಿಯಿತು, ಉಳಿದದ್ದು ಬಟ್ಟೆ ಮತ್ತು ಕುಡಿದ ನೀರು.

ಆದರೂ ನಾನು ಇದನ್ನು ಬದಲಾಯಿಸಲಿಲ್ಲ. ಯಾಕಂದ್ರೆ ಅಂತರ ಹಾಗೇ ನಿಂತಿದೆ. ಜಿಮ್‌ನಲ್ಲಿ 3 ಕೆಜಿ ಇಳಿದಾಗ ಇದರಲ್ಲೂ 3 ಇಳಿದಿದೆ. ನನಗೆ ಬೇಕಿದ್ದದ್ದು ಅಷ್ಟೇ. ನಿಜವಾದ ತೂಕ ಗ್ರಾಂ ಲೆಕ್ಕದಲ್ಲಿ ತಿಳಿದು ಯಾರಿಗೆ ಏನಾಗಬೇಕು? ಇದೇ ಮಷಿನ್ನನ್ನು ಬೆಂಗಳೂರಿನಿಂದ ಲಂಡನ್ನಿಗೆ ಒಯ್ದರೆ 80 ಕೆಜಿ ಆಳಿಗೆ ಸುಮಾರು ಕಾಲು ಕೆಜಿ ಜಾಸ್ತಿ ತೋರಿಸುತ್ತದೆ, ಅಲ್ಲಿ ಭೂಮಿಯ ಸೆಳೆತವೇ ಸ್ವಲ್ಪ ಜಾಸ್ತಿ. ತಿಂದು ದಪ್ಪ ಆಗಿದ್ದಲ್ಲ.

ಈಗ ನನಗೆ ಸಿಟ್ಟು ತರಿಸಿದ ವಿಷಯ. ಅಂಗಡಿಯಲ್ಲಿ ಹತ್ತಿ ಇಳಿದು ಹತ್ತಿ ಇಳಿದು ನೋಡುತ್ತೀರಿ, ಪ್ರತಿ ಸಲ ಅದೇ ನಂಬರ್ ಬರುತ್ತದೆ, ಆಹಾ ಎಷ್ಟು ಕರಾರುವಾಕ್ಕು ಅಂದುಕೊಂಡು ತಗೊಂಡು ಬರುತ್ತೀರಿ. ಮನೆಯಲ್ಲಿ ಒಂದು ಸಲ ಕೈಯಲ್ಲಿ ಮೊಬೈಲ್ ಹಿಡಿದು ನಿಲ್ಲಿ. ಸುಮಾರು 200 ಗ್ರಾಂ ಜಾಸ್ತಿ ಬರಬೇಕು ತಾನೇ? ನನ್ನದರಲ್ಲಿ ಬರಲಿಲ್ಲ, 78.2 ಇದ್ದದ್ದು 78.2ರಲ್ಲೇ ಕೂತಿತ್ತು. ಒಂದು ಲೀಟರ್ ನೀರಿನ ಬಾಟಲಿ ಹಿಡಿದು ಹತ್ತಿದೆ, ತಕ್ಷಣ ಒಂದು ಕೆಜಿ ಏರಿತು. ಕಥೆ ಏನಂದ್ರೆ, ಇಂಥ ಎಷ್ಟೋ ಮಷಿನ್‌ಗಳು ಹಿಂದಿನ ನಂಬರನ್ನು ನೆನಪಿಟ್ಟುಕೊಂಡಿರುತ್ತವೆ. ಹೊಸ ತೂಕ ಅದಕ್ಕೆ ಹತ್ತಿರ ಇದ್ದರೆ ಹಳೆಯದನ್ನೇ ತೋರಿಸಿ ಕೈ ತೊಳೆದುಕೊಳ್ಳುತ್ತವೆ. ನನ್ನದು ಸುಮಾರು 300 ಗ್ರಾಂವರೆಗೆ ಹೀಗೆ ಆಟ ಆಡಿಸುತ್ತದೆ. ವಾರಕ್ಕೆ ಅರ್ಧ ಕೆಜಿ ಇಳಿಸಲು ಒದ್ದಾಡುವವನಿಗೆ ಇದು ಅನ್ಯಾಯ: ಇಳಿದಿದ್ದರೂ ಇಳಿದಿಲ್ಲ ಅನ್ನುತ್ತದೆ, ಆಮೇಲೆ ಒಂದು ಬೆಳಗ್ಗೆ ದಿಢೀರಂತ ಅರ್ಧ ಕೆಜಿ ಮಾಯ. ಡಬ್ಬಿಯ ಮೇಲಾಗಲಿ, ಒಳಗಿನ ಚೀಟಿಯಲ್ಲಾಗಲಿ ಇದರ ಬಗ್ಗೆ ಒಂದಕ್ಷರ ಇಲ್ಲ. ದಾರಿ ಇದೆ. ಮೊದಲು ಅರ್ಧ ಬಕೆಟ್ ನೀರು ಹಿಡಿದು ಒಂದು ಸಲ ಹತ್ತಿ, ಇಳಿದು ಬಕೆಟ್ ಇಟ್ಟು, ಆಮೇಲೆ ಬರಿಗೈಲಿ ಹತ್ತಿ. ಹಳೆಯ ನೆನಪು ಹೋಗಿ ಹೊಸದಾಗಿ ತೂಗುತ್ತದೆ. ಮನೆಯವರು ನೋಡಿ ನಕ್ಕರೆ ನಗಲಿ.

ಇಡುವ ಜಾಗವೂ ಮುಖ್ಯ. ತೂಕ ಅಳೆಯುವ ಸೆನ್ಸರ್ ಆ ನಾಲ್ಕು ಕಾಲುಗಳಲ್ಲೇ ಇರುತ್ತದೆ. ಬಚ್ಚಲ ನೆಲ ನೀರು ಹೋಗಲಿ ಅಂತ ಇಳಿಜಾರಾಗಿರುತ್ತದೆ, ಅಲ್ಲಿ ಬೇಡವೇ ಬೇಡ. ಮ್ಯಾಟ್ ಮೇಲೂ ಬೇಡ. ಟೈಲ್ಸ್ ಸಂದಿಗೆ ಒಂದು ಕಾಲು ಸಿಕ್ಕಿಕೊಂಡರೂ ನಂಬರ್ ಆಚೀಚೆ. ನಾನು ಬೆಡ್‌ರೂಮಿನ ಒಂದೇ ಟೈಲ್ ಮೇಲೆ ಇಟ್ಟು, ಸುತ್ತ ಪೆನ್ಸಿಲ್ ಗೆರೆ ಎಳೆದಿದ್ದೇನೆ, ಕಸ ಗುಡಿಸುವಾಗ ಸರಿದರೂ ವಾಪಸ್ ಅಲ್ಲಿಗೇ.

ಇನ್ನು ನಮ್ಮ ದೇಹದ ಕಿತಾಪತಿ. ಮದುವೆ ಊಟ ಮಾಡಿ ಬಂದ ಮರುದಿನ 1.3 ಕೆಜಿ ಜಾಸ್ತಿ. ಒಂದು ಕೆಜಿ ಕೊಬ್ಬು ಕೂಡಬೇಕಂದ್ರೆ ಖರ್ಚಾಗುವುದರ ಮೇಲೆ ಸುಮಾರು 7,700 ಕ್ಯಾಲರಿ ತಿನ್ನಬೇಕು, ಹೋಳಿಗೆ ಮೇಲೆ ಹೋಳಿಗೆ ಬಡಿಸಿದರೂ ಒಂದು ಪಂಕ್ತಿಯಲ್ಲಿ ಅದು ಆಗುವ ಮಾತಲ್ಲ. ಅದು ಉಪ್ಪು, ಅನ್ನ, ಅವು ಹಿಡಿದಿಟ್ಟ ನೀರು. ಡಯಟ್ ಶುರು ಮಾಡಿದ ಮೊದಲ ವಾರ ಸರ್ರನೆ ಇಳಿಯುವುದೂ ಬಹುಪಾಲು ಇದೇ ನೀರು. ಹೆಂಗಸರಿಗೆ ಮುಟ್ಟಿನ ಹಿಂದಿನ ದಿನಗಳಲ್ಲಿ ಹೀಗೇ ಏರುವುದುಂಟು. ಅದಕ್ಕೇ ಬೆಳಗ್ಗೆ ಎದ್ದು, ಶೌಚ ಮುಗಿಸಿ, ಕಾಫಿಗೆ ಮುಂಚೆ ತೂಗಿ, ಏಳು ದಿನದ ಸರಾಸರಿಯನ್ನು ಹಿಂದಿನ ವಾರದ ಸರಾಸರಿ ಜೊತೆ ಮಾತ್ರ ಹೋಲಿಸುತ್ತೇನೆ.

ಬ್ಲೂಟೂತ್, ಆ್ಯಪ್, ಕೊಬ್ಬು ಇಷ್ಟು, ಸ್ನಾಯು ಅಷ್ಟು ಅಂತ ತೋರಿಸುವ ಮಷಿನ್‌ಗೆ ಜಾಸ್ತಿ ದುಡ್ಡು ಹಾಕಬೇಕಾ? ತಮ್ಮನ ಮನೆಯಲ್ಲಿ ಒಂದಿದೆ. ಅದು ಪಾದದ ಮೂಲಕ ಸಣ್ಣ ಕರೆಂಟ್ ಹಾಯಿಸಿ, ನಾವು ಕೊಟ್ಟ ವಯಸ್ಸು ಎತ್ತರ ಸೇರಿಸಿ ಅಂದಾಜು ಮಾಡುತ್ತದೆ. ಸ್ನಾನಕ್ಕೆ ಮುಂಚೆ ಒಂದು, ಆಮೇಲೆ ಇನ್ನೊಂದು. ದಿನದ ತೂಕ ತಾನಾಗೇ ಬರೆದಿಡುತ್ತದೆ ಅನ್ನುವುದು ಮಾತ್ರ ಉಪಯೋಗ. ನನಗೆ ಕ್ಯಾಲೆಂಡರ್ ಸಾಕು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದೂವರೆ ಕಡಿತ ಆ ನೆನಪಿನ ಮೋಸಕ್ಕೆ. ಕೊಳ್ಳುವವರು ಅಂಗಡಿಗೆ ಹೋಗುವಾಗ ಕಾಲು ಲೀಟರ್ ನೀರಿನ ಬಾಟಲಿ ಒಯ್ಯಿರಿ. ಮೊದಲು ಬರಿಗೈಲಿ, ಆಮೇಲೆ ಬಾಟಲಿ ಹಿಡಿದು. ನಂಬರ್ ಬದಲಾಗದಿದ್ದರೆ ಬೇರೆ ತೋರಿಸಿ ಅನ್ನಿ.