ಪ್ರಿಯಸ್ ನ್ಯಾವಿಗೇಶನ್‌ಗೆ ತಿದ್ದಿದ ಡಿಸ್ಕ್: ಪಕ್ಕದಲ್ಲಿ ಜನ ಇದ್ದರೆ ಸರಿ, ಒಬ್ಬರೇ ಓಡಿಸೋರಿಗೆ ಬೇಡ

ನಮ್ಮ ಹಳೇ ಟೊಯೊಟಾ ಪ್ರಿಯಸ್ ಕಾರು ಮಾರ್ತೀವಿ ಅಂತ ಕನ್ನಡ ಕೂಟದ ಗೆಳೆಯರಿಗೆ ಹೇಳಿದ್ದೇ ತಡ, ದಾವಣಗೆರೆಯ ಒಬ್ಬ ಹುಡುಗ ನೋಡೋಕೆ ಬಂದ. ಇಲ್ಲೇ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಎಂ.ಎಸ್. ಓದುತ್ತಿದ್ದಾನೆ. ಟೈರು, ಬ್ಯಾಟರಿ ಎಲ್ಲ ನೋಡಿ ಆದ ಮೇಲೆ, "ಅಂಕಲ್, ನಿಮ್ಮ ಹತ್ರ ಒಂದು ಡಿಸ್ಕ್ ಇದೆಯಂತಲ್ಲ, ಗಾಡಿ ಓಡುವಾಗಲೂ ಅಡ್ರೆಸ್ ಹೊಡೀಬಹುದಂತೆ. ಅದನ್ನೂ ಕೊಡ್ತೀರಾ?" ಅಂತ ಕೇಳಿದ. ನಾನು ತಕ್ಷಣ ಉತ್ತರ ಕೊಡಲಿಲ್ಲ. ಆ ಡಿಸ್ಕ್ ಜೊತೆ ಹತ್ತು ವರ್ಷಕ್ಕೂ ಜಾಸ್ತಿ ಏಗಿದ್ದೇನೆ. ಅವನಿಗೆ ಹೇಳಬೇಕಾದದ್ದನ್ನು ಇಲ್ಲೇ ಬರೆದುಬಿಡುತ್ತೇನೆ. ಹಳೇ ಗಾಡಿ ಕೊಳ್ಳೋ ಬೇರೆಯವರಿಗೂ ಉಪಯೋಗಕ್ಕೆ ಬರಲಿ.

ಮೊದಲು ಗಾಡಿ ವಿಷಯ. ನಮ್ಮದು 2007ರ ಮಾಡೆಲ್, ಎರಡನೇ ತಲೆಮಾರಿನ ಪ್ರಿಯಸ್. 2010ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆವು. ಗಾಡಿ ಬಗ್ಗೆ ನನಗೆ ಒಂದು ದೂರೂ ಇಲ್ಲ, ಬಂಗಾರದಂಥ ಗಾಡಿ. ನ್ಯಾವಿಗೇಶನ್ ಡಿವಿಡಿ ಡ್ರೈವ್ ಡ್ರೈವರ್ ಸೀಟಿನ ಕೆಳಗಿದೆ. ನಕ್ಷೆಯೂ ಅದರಲ್ಲೇ, ನ್ಯಾವಿಗೇಶನ್ ನಡೆಸೋ ಪ್ರೋಗ್ರಾಂ ಕೂಡ ಅದರಲ್ಲೇ. ಗಾಡಿ ನಿಂತಿದ್ದಾಗ ಸ್ಕ್ರೀನ್ ಮೇಲೆ ಅಡ್ರೆಸ್, ಫೋನ್ ನಂಬರ್, ಅಂಗಡಿ ಹೆಸರು, ಏನು ಬೇಕಾದರೂ ಹೊಡೀಬಹುದು. ಚಕ್ರ ಉರುಳಿತು ಅಂದರೆ ಆ ಬಟನ್‌ಗಳೆಲ್ಲ ಮಂಕಾಗುತ್ತವೆ. ಒತ್ತಿದರೂ ಏನೂ ಆಗಲ್ಲ. ಮೊದಲೇ ಸೇವ್ ಮಾಡಿಟ್ಟ ಮನೆ ವಿಳಾಸದಂಥವು ಮಾತ್ರ ಉಳಿಯುತ್ತವೆ.

ಇದು ಯಾಕೆ ಕಷ್ಟ ಅಂತ ನನಗೆ ಗೊತ್ತಾಗಿದ್ದು 2011ರಲ್ಲಿ. ಅಮ್ಮ ತಿಪಟೂರಿನಿಂದ ಬಂದಿದ್ದರು. ಫ್ರೀಮಾಂಟಿನಿಂದ ಲಾಸ್ ಏಂಜಲೀಸಿಗೆ ಐ-5 ಹೆದ್ದಾರಿಯಲ್ಲಿ ಹೋಗುತ್ತಿದ್ದೆವು. ಆ ದಾರಿ ನೋಡಿದವರಿಗೆ ಗೊತ್ತು, ಕೋಲಿಂಗಾ ದಾಟಿದ ಮೇಲೆ ಎರಡೂ ಕಡೆ ಬರೀ ಬಯಲು. ಅಷ್ಟರಲ್ಲಿ ಬೇಕರ್ಸ್‌ಫೀಲ್ಡ್‌ನ ಗೆಳೆಯನ ಹೆಂಡತಿ ಫೋನ್ ಮಾಡಿ, "ಅಮ್ಮನ್ನ ಕರ್ಕೊಂಡು ಊಟಕ್ಕೆ ಇಲ್ಲಿಗೇ ಬಂದುಬಿಡಿ, ಅನ್ನ ಸಾರು ಮಾಡಿದೀನಿ" ಅಂದರು. ಅಮ್ಮನಿಗೆ ಸಕ್ಕರೆ ಕಾಯಿಲೆ. ಮಾತ್ರೆ ತಗೊಂಡಾಗಿತ್ತು, ಊಟದ ಹೊತ್ತು ಮೀರುತ್ತಿತ್ತು. ನನ್ನ ಹೆಂಡತಿ ವಿಳಾಸವನ್ನು ಕುಂಕುಮದ ಪೊಟ್ಟಣದ ಹಿಂದೆ ಬರೆದುಕೊಂಡಳು. ಸ್ಕ್ರೀನ್ ಮುಟ್ಟಿದರೆ ಮಂಕು. "ಏನ್ರೀ ಇದು, ಓಡಿಸ್ತಿರೋದು ನೀವು, ಹೊಡೀತಿರೋದು ನಾನು. ನನಗ್ಯಾಕೆ ಬಿಡಲ್ಲ?" ಅಂದಳು. ಫ್ರೀವೇ ಪಕ್ಕದಲ್ಲಿ ಸುಮ್ನೆ ಗಾಡಿ ನಿಲ್ಲಿಸೋ ಹಾಗಿಲ್ಲ. ಮುಂದಿನ ಎಕ್ಸಿಟ್ ಬರುವಷ್ಟರಲ್ಲಿ ಅಮ್ಮನ ಕೈ ನಡುಗೋಕೆ ಶುರುವಾಗಿತ್ತು. ಡಬ್ಬಿಯಲ್ಲಿದ್ದ ಕೊಬ್ಬರಿ ಮಿಠಾಯಿ ಕೊಟ್ಟೆವು, ಸರಿಹೋದರು. ಆದರೆ ಆ ಅರ್ಧ ಗಂಟೆ ನನ್ನ ಜೀವ ಬಾಯಿಗೆ ಬಂದಿತ್ತು.

ನನಗೆ ಇವತ್ತಿಗೂ ಕಾಡೋ ಮಾತು ಒಂದಿದೆ. ಪಕ್ಕದ ಸೀಟಿನಲ್ಲಿ ಜನ ಕೂತಿದ್ದಾರೆ ಅಂತ ಗಾಡಿಗೆ ಚೆನ್ನಾಗಿ ಗೊತ್ತು. ಏರ್‌ಬ್ಯಾಗ್‌ಗೋಸ್ಕರ ಸೀಟಿನೊಳಗೆ ತೂಕ ನೋಡೋ ಸೆನ್ಸರ್ ಇದೆ. ಬೆಲ್ಟ್ ಹಾಕಿಲ್ಲ ಅಂದರೆ ದೀಪ ಮಿನುಗುತ್ತೆ. ಆದರೆ ಆ ಸುದ್ದಿ ನ್ಯಾವಿಗೇಶನ್‌ಗೆ ಮುಟ್ಟಲ್ಲ. ಅದು ಕೇಳೋದು ಒಂದೇ ಪ್ರಶ್ನೆ: ಚಕ್ರ ಉರುಳ್ತಿದೆಯಾ ಇಲ್ವಾ?

ಈ ಬೀಗ ತೆಗೆಯೋಕೆ ಆಗ ಮೂರು ದಾರಿ ಇದ್ದವು. 2004, 2005ರ ಗಾಡಿಗಳಲ್ಲಿ ಮೆನುವಿನೊಳಗೆ ಸ್ಕ್ರೀನಿನ ಮೂಲೆಗಳನ್ನು ಮುಟ್ಟುತ್ತಾ ಹೋದರೆ ಮೆಕ್ಯಾನಿಕ್‌ಗಳ ಗುಟ್ಟಿನ ಪುಟ ತೆರೆಯುತ್ತಿತ್ತು. ಅಲ್ಲಿ ಒಂದು ಬಟನ್ ಒತ್ತಿ ಹಿಡಿದರೆ ಸಾಕು. ಗಾಡಿ ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಮಾಡಬೇಕು. ನಂತರದ ಮಾಡೆಲ್‌ಗಳಲ್ಲಿ ಅದನ್ನು ತೆಗೆದುಬಿಟ್ಟರು, ಹಾಗಾಗಿ ನಮಗೆ ಅದು ಸಿಗಲಿಲ್ಲ.

ಎರಡನೆಯದು ವೈರ್ ಕತ್ತರಿಸೋದು. ಗಾಡಿಯ ವೇಗವನ್ನು ನ್ಯಾವಿಗೇಶನ್‌ಗೆ ತಿಳಿಸೋ ಒಂದು ವೈರ್ ಇರುತ್ತೆ. ಅದರ ನಡುವೆ ಸ್ವಿಚ್ ಹಾಕಿದರೆ, ಗಾಡಿ ನಿಂತಿದೆ ಅಂತ ನ್ಯಾವಿಗೇಶನ್ ನಂಬುತ್ತೆ. ಗೆಳೆಯನೊಬ್ಬ ಒಂದು ಅಂಗಡಿಯಲ್ಲಿ ಹೀಗೆ ಮಾಡಿಸಿದ. ಅವನ ಜೊತೆ ಓಕ್ಲಂಡ್‌ನಿಂದ ಒರಿಂಡಾ ಕಡೆಗೆ ಹೋಗುವಾಗ ನಾನೇ ಕಣ್ಣಾರೆ ನೋಡಿದೆ. ಕಾಲ್ಡಿಕಾಟ್ ಸುರಂಗದೊಳಗೆ ಹೋದ ಕೂಡಲೇ ಸ್ಕ್ರೀನ್ ಮೇಲಿನ ಗಾಡಿ ಬಾಯಲ್ಲೇ ನಿಂತುಬಿಟ್ಟಿತು. ನಾವು ಆಚೆ ಬಂದು ಎಷ್ಟೋ ಹೊತ್ತಾದ ಮೇಲೆ ಬೆಟ್ಟದ ಮೇಲೆ ಹಾರಿ ಬಂದು ಸೇರಿಕೊಂಡಿತು. ಕಾರಣ ಸರಳ. ಸುರಂಗದಲ್ಲಿ ಜಿಪಿಎಸ್ ಸಿಗ್ನಲ್ ಸಿಗಲ್ಲ. ಅಲ್ಲಿ ನ್ಯಾವಿಗೇಶನ್ ಚಕ್ರದ ವೇಗ ಮತ್ತು ತಿರುಗಿದ ದಿಕ್ಕು ಎರಡನ್ನೂ ಕೂಡಿಸಿ ಗಾಡಿ ಎಲ್ಲಿದೆ ಅಂತ ಲೆಕ್ಕ ಹಾಕುತ್ತೆ. ವೇಗದ ವೈರೇ ಇಲ್ಲ ಅಂದರೆ ಲೆಕ್ಕ ಎಲ್ಲಿಂದ ಬರಬೇಕು? ಸ್ವಿಚ್ ವಾಪಸ್ ಹಾಕೋದು ಮರೆತರೆ ಮುಗೀತು. ಈ ಕೆಲಸಕ್ಕೆ ನಾನು ಯಾರಿಗೂ ಹೂಂ ಅನ್ನಲ್ಲ.

ಮೂರನೆಯದು ಈ ಡಿಸ್ಕ್. ಮೂಲ ಡಿಸ್ಕ್‌ನಲ್ಲಿ ಲೋಡಿಂಗ್ ಡಾಟ್ ಕೆಡಬ್ಲ್ಯೂಐ ಅನ್ನೋ ಫೈಲ್ ಇರುತ್ತೆ. ಕೆಡಬ್ಲ್ಯೂಐ ಅಂದರೆ ಕಿವಿ (KIWI), ಅದು ನಕ್ಷೆಯ ಫಾರ್ಮ್ಯಾಟಿನ ಹೆಸರು. ಪ್ರೋಗ್ರಾಂ ಇರೋದು ಆ ಫೈಲ್‌ನಲ್ಲೇ. ವೇಗ ನೋಡಿ ಬಟನ್ ಮುಚ್ಚೋ ಸಾಲುಗಳನ್ನು ಮಾತ್ರ ಅದರಲ್ಲಿ ತಿದ್ದಿ, ಮಿಕ್ಕಿದ್ದನ್ನು ಹಾಗೇ ಬಿಟ್ಟು ಹೊಸ ಡಿಸ್ಕ್ ಬರೀತಾರೆ. ವೇಗದ ಸುದ್ದಿ ಬರ್ತಾನೇ ಇರುತ್ತೆ, ಬಟನ್ ಮಾತ್ರ ಮಂಕಾಗಲ್ಲ. ಈ ಕೆಲಸ ಮಾಡೋ ಒಬ್ಬರಿಗೆ ನನ್ನ ಮೂಲ ಡಿಸ್ಕನ್ನೇ ಪೋಸ್ಟಿನಲ್ಲಿ ಕಳಿಸಿದೆ. 45 ಡಾಲರ್ ತಗೊಂಡರು. ನನ್ನ ಡಿಸ್ಕ್ ಮತ್ತು ತಿದ್ದಿದ ಕಾಪಿ ಎರಡೂ ಹತ್ತು ದಿನದಲ್ಲಿ ಬಂದವು. ನಕ್ಷೆಯನ್ನೇ ಕದ್ದು ಮಾರೋರೂ ಇದ್ದರು. ಅವರ ಹತ್ರ ನಾನು ಹೋಗಲಿಲ್ಲ, ಹೋಗಬೇಡಿ ಅಂತಲೇ ಹೇಳ್ತೀನಿ.

ಮೊದಲ ಕಾಪಿ ಕೈಕೊಟ್ಟಿತು. ಹಾಕಿದರೆ ಡಿಸ್ಕ್ ಓದೋಕೆ ಆಗ್ತಿಲ್ಲ ಅಂತ ಬಂತು. ಬರೆದು ಕೇಳಿದ್ದಕ್ಕೆ ಉತ್ತರ ಬರೋಕೆ ಐದು ದಿನ. ಎರಡನೇ ಕಾಪಿಯನ್ನು ದುಡ್ಡು ತಗೊಳ್ಳದೆ ಕಳಿಸಿದರು, ಅದು ಓದಿತು. ಹೊಸ ಪ್ರೋಗ್ರಾಂ ಏರುವವರೆಗೆ ಗಾಡಿ ಆಫ್ ಮಾಡಬೇಡಿ ಅಂತ ಒಂದು ಚೀಟಿ ಇಟ್ಟಿದ್ದರು, ಅದು ಒಳ್ಳೇದಾಯ್ತು. ಮನೆಯಲ್ಲಿ ಬರೆದ ಡಿಸ್ಕ್ ಅಂಗಡಿಯದರಷ್ಟು ಗಟ್ಟಿ ಅಲ್ಲ. ಬೇಸಿಗೆಯಲ್ಲಿ ಗಾಡಿ ಬಿಸಿಲಲ್ಲಿ ನಿಂತ ದಿನ ನಮ್ಮದು ಆಗಾಗ ತಡವರಿಸುತ್ತಿತ್ತು.

ಕೆಲಸದ ಮಟ್ಟಿಗೆ ಹೇಳಿದಂತೆಯೇ ನಡೆಯಿತು. ಅದೇ ಕಾಲ್ಡಿಕಾಟ್ ಸುರಂಗದಲ್ಲಿ ನಮ್ಮ ಗಾಡಿಯ ಗುರುತು ಒಂದು ಚೂರೂ ತಪ್ಪದೆ ಆಚೆ ಬಂತು. ಲಿವರ್‌ಮೋರ್ ದೇವಸ್ಥಾನದಿಂದ ಬರುವಾಗ ಹೆಂಡತಿ ದಾರಿಯಲ್ಲೇ ತರಕಾರಿ ಅಂಗಡಿ, ಪೆಟ್ರೋಲ್ ಬಂಕ್ ಎಲ್ಲ ಹುಡುಕಿ ಹಾಕುತ್ತಿದ್ದಳು. ನಾನು ಕಣ್ಣು ತಿರುಗಿಸಬೇಕಾಗಿಯೇ ಬರುತ್ತಿರಲಿಲ್ಲ.

ಆದರೆ ತಿದ್ದಿದ ಡಿಸ್ಕ್‌ಗೂ ಯಾರು ಒತ್ತುತ್ತಿದ್ದಾರೆ ಅಂತ ಗೊತ್ತಾಗಲ್ಲ ಅಲ್ವಾ. 2012ರ ಒಂದು ಸಂಜೆ ನಾನೊಬ್ಬನೇ ಐ-880ಯಲ್ಲಿ ಬರುತ್ತಿದ್ದೆ. ಗೆಳೆಯರ ಮನೆ ಪೂಜೆಗೆ ಸಾಂಬಾರ್ ಒಯ್ಯುತ್ತಿದ್ದೆ. ಡಿಕೋಟೋ ರೋಡ್ ಹೊಡೆಯೋಣ ಅಂತ ಬೆರಳಿಟ್ಟೆ. ಡಿ, ಇ, ಸಿ. ಪ್ರತಿ ಅಕ್ಷರಕ್ಕೂ ಬೀಪ್. ಬೆರಳು ಜಾರಿ ಒ ಬದಲು ಪಿ ಬಿತ್ತು. ಅಳಿಸಿದೆ. ತಲೆ ಎತ್ತಿದರೆ ಮುಂದೆ ಎಲ್ಲ ಕೆಂಪು ದೀಪ. ಎರಡೂ ಕಾಲಲ್ಲಿ ಬ್ರೇಕ್ ಮೇಲೆ ನಿಂತ ಹಾಗೆ ಒತ್ತಿದೆ. ಮುಂದಿನ ವ್ಯಾನಿನ ನಂಬರ್ ಪ್ಲೇಟ್ ಬಾನೆಟ್ ಅಂಚಿನ ಹಿಂದೆ ಮುಚ್ಚಿಹೋಗುವಷ್ಟು ಹತ್ತಿರ ಬಂದು ಗಾಡಿ ನಿಂತಿತು. ಸಾಂಬಾರ್ ಪಾತ್ರೆ ಮಗುಚಿ ಕಾರ್ಪೆಟ್ ತುಂಬಾ ಹರಿಯಿತು. ನನ್ನ ಕಾಲು ಮನೆಗೆ ಬರುವವರೆಗೂ ನಡುಗುತ್ತಿತ್ತು. ಹಿಂದಿನ ಗಾಡಿಯವನು ಎಚ್ಚರವಾಗಿದ್ದ. ಅವನು ಯಾರೋ, ದೇವರು ಅವನನ್ನು ಚೆನ್ನಾಗಿಟ್ಟಿರಲಿ.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಗಂಟೆಗೆ 65 ಮೈಲಿ ಅಂದರೆ ಸೆಕೆಂಡಿಗೆ 29 ಮೀಟರ್. ಎರಡು ಸೆಕೆಂಡ್ ಕೆಳಗೆ ನೋಡಿದರೆ 58 ಮೀಟರ್ ಕಣ್ಣು ಕಟ್ಟಿಕೊಂಡು ಓಡಿಸಿದ ಹಾಗೆ. ಮಾರನೇ ವರ್ಷ, 2013ರಲ್ಲಿ, ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಕಂಪನಿಗಳಿಗೆ ಒಂದು ಮಾರ್ಗಸೂಚಿ ಕೊಟ್ಟಿತು. ಒಂದು ಸಲಕ್ಕೆ ಎರಡು ಸೆಕೆಂಡ್, ಒಂದು ಕೆಲಸಕ್ಕೆ ಒಟ್ಟು 12 ಸೆಕೆಂಡಿಗಿಂತ ಜಾಸ್ತಿ ರಸ್ತೆಯಿಂದ ಕಣ್ಣು ತೆಗೆಸಬಾರದು ಅಂತ ಅದರಲ್ಲಿತ್ತು. ಓದಿದಾಗ ಮೈ ಜುಮ್ ಅಂದಿತು. ಡಿಕೋಟೋ ರೋಡ್ ಅಂತ ಪೂರ್ತಿ ಹೊಡೆಯೋಕೆ 12 ಸೆಕೆಂಡ್ ಎಲ್ಲಿ ಸಾಕು? ಬೀಗ ಹಾಕಿದವರು ಸುಮ್ನೆ ಹಾಕಿರಲಿಲ್ಲ.

ಅವತ್ತಿನಿಂದ ನಮ್ಮ ಮನೆಯಲ್ಲಿ ಎರಡು ಡಿಸ್ಕ್. ಒಬ್ಬನೇ ಹೋಗೋ ದಿನ ಮೂಲದ್ದು, ಎಲ್ಲರೂ ಹೋಗೋ ದೂರದ ಪ್ರಯಾಣಕ್ಕೆ ತಿದ್ದಿದ್ದು. ಸೀಟು ಸರಿಸಿ, ಬಗ್ಗಿ, ಡಿಸ್ಕ್ ಬದಲಾಯಿಸೋದು ಬೇಜಾರಿನ ಕೆಲಸ ನಿಜ. ಬದಲಾಯಿಸದೆ ಹೊರಟ ದಿನ ಹೆಂಡತಿಯೇ ಬಾಗಿಲಲ್ಲಿ ನಿಂತು, "ಡಿಸ್ಕ್ ನೋಡಿದ್ರಾ?" ಅಂತ ಕೇಳುತ್ತಿದ್ದಳು.

ಡಿಸ್ಕ್ ಮಾಡಿದ ಕೆಲಸಕ್ಕೆ ಐದಕ್ಕೆ ನಾಲ್ಕು ಕೊಡ್ತೀನಿ. ಮಾರಿದವರ ಸೇವೆಗೆ ಮೂರು. ಇಬ್ಬರು ಮೂವರು ಒಟ್ಟಿಗೆ ಓಡಾಡೋ ಮನೆಯವರಿಗೆ ಇದು ನಿಜವಾಗಿ ಬೇಕಾದ ವಸ್ತುವಾಗಿತ್ತು. ಒಬ್ಬರೇ ಓಡಿಸೋರಿಗೆ ಬಿಟ್ಟಿ ಕೊಟ್ಟರೂ ಬೇಡ.

ಹುಡುಗನಿಗೆ ನಿನ್ನೆ ಫೋನ್ ಮಾಡಿದೆ. ದಿನಾ ಒಬ್ಬನೇ ಕಾಲೇಜಿಗೆ ಹೋಗಿ ಬರ್ತಾನಂತೆ. "ಗಾಡಿ ಕೊಡ್ತೀನಪ್ಪಾ, ಮೂಲ ಡಿಸ್ಕ್ ಹಾಕಿಯೇ ಕೊಡ್ತೀನಿ, ಇನ್ನೊಂದು ಕೇಳಬೇಡ" ಅಂದೆ. ಡ್ಯಾಶ್‌ಬೋರ್ಡಿಗೆ ಅಂಟಿಸೋ ಫೋನ್ ಸ್ಟ್ಯಾಂಡ್ ಒಂದು ತಂದಿಟ್ಟಿದ್ದೇನೆ. ಹೊರಡೋ ಮುಂಚೆ ವಿಳಾಸ ಹೊಡೆದು ಅದಕ್ಕೆ ಸಿಕ್ಕಿಸಿದರೆ ಮುಗೀತು. ಶನಿವಾರ ಬೆಳಿಗ್ಗೆ ಬಂದು ಗಾಡಿ ತಗೊಂಡು ಹೋಗ್ತಾನೆ.