ಅರ್ಧ, ಕಾಲು, ಅರೆಕಾಲು: ಕ್ಲೋನಾಜೆಪಾಮ್ ಇಳಿಸುವವರಿಗೆ ಪಿಲ್ ಕಟರ್ ಎಲ್ಲಿಯವರೆಗೆ ನೆರವಾಗುತ್ತದೆ?

ಮೆಡಿಕಲ್ ಶಾಪುಗಳಲ್ಲಿ ಇನ್ನೂರು ರೂಪಾಯಿಯೊಳಗೆ ಸಿಗುವ ಪುಟ್ಟ ಪ್ಲಾಸ್ಟಿಕ್ ಡಬ್ಬಿ ಇದು. ಮುಚ್ಚಳದ ಒಳಮೈಗೆ ಬ್ಲೇಡು, ಕೆಳಗೆ ಮಾತ್ರೆ ಕೂರಿಸಲು ‘ವಿ’ ಆಕಾರದ ಹಿಡಿ, ಪಕ್ಕದಲ್ಲಿ ಚೂರು ಇಟ್ಟುಕೊಳ್ಳಲು ಗೂಡು. ಬಿಪಿ ಮಾತ್ರೆ ಅರ್ಧ ಮಾಡುವವರಿಗೆ ಇದರ ಬಗ್ಗೆ ನಾಲ್ಕು ಸಾಲು ಸಾಕು: ಕೊಳ್ಳಿ, ಚೆನ್ನಾಗಿದೆ. ಆದರೆ ಆತಂಕಕ್ಕೋ ನಿದ್ದೆಗೋ ವರ್ಷಗಟ್ಟಲೆ ಕ್ಲೋನಾಜೆಪಾಮ್ ನುಂಗಿ, ಈಗ ವೈದ್ಯರ ಮಾತಿನಂತೆ ಅದನ್ನು ಬಿಡಲು ಹೊರಟವರೂ ಇದೇ ಡಬ್ಬಿ ಕೊಳ್ಳುತ್ತಾರೆ. ಅವರಿಗೆ ಇದು ಎಷ್ಟು ಉಪಯೋಗ ಎಂಬುದೇ ಇಲ್ಲಿನ ಪ್ರಶ್ನೆ. ಕಟರಿನ ಗುಣ ಅರ್ಧ ಅದರದ್ದು, ಇನ್ನರ್ಧ ಅದರಡಿ ಇಡುವ ಮಾತ್ರೆಯದ್ದು. ಹಾಗಾಗಿ ಎರಡರ ವಿಮರ್ಶೆಯನ್ನೂ ಒಟ್ಟಿಗೇ ಮಾಡಬೇಕು.

ಮೊದಲೇ ಒಂದು ಮಾತು. ತಿಂಗಳುಗಟ್ಟಲೆ ದಿನಾ ತೆಗೆದುಕೊಂಡ ಕ್ಲೋನಾಜೆಪಾಮ್, ಅದೇ ಗುಂಪಿನ ಆಲ್ಪ್ರಾಜೋಲಾಮ್, ಲೋರಾಜೆಪಾಮ್, ಎಟಿಜೋಲಾಮ್ ಇವು ಯಾವುದನ್ನೂ ಥಟ್ಟನೆ ನಿಲ್ಲಿಸಬಾರದು. ಮಿದುಳಿಗೆ ಗಾಬಾ ಎಂಬ ರಾಸಾಯನಿಕವೇ ಬ್ರೇಕು. ಈ ಔಷಧಿಗಳು ಅದರ ಬಲ ಹೆಚ್ಚಿಸುತ್ತವೆ, ಮಿದುಳು ನಿಧಾನವಾಗಿ ಅದಕ್ಕೆ ಹೊಂದಿಕೊಂಡು ತನ್ನ ಸ್ವಂತ ಬ್ರೇಕನ್ನು ಸಡಿಲಿಸಿಕೊಳ್ಳುತ್ತದೆ. ಔಷಧಿ ಒಮ್ಮೆಗೇ ಹೋದರೆ ಹಿಡಿಯುವವರಿಲ್ಲ: ನಡುಕ, ಬೆವರು, ನಿದ್ದೆಯೇ ಇಲ್ಲದ ರಾತ್ರಿಗಳು, ಬೆಳಕು ಶಬ್ದ ಸಹಿಸಲಾಗದ ಸ್ಥಿತಿ, ಕೆಲವರಿಗೆ ಫಿಟ್ಸ್. ಮಾತ್ರೆ ಬರೆದ ವೈದ್ಯರಿಗೆ ಅಥವಾ ಮನೋವೈದ್ಯರಿಗೆ ಗೊತ್ತಿಲ್ಲದೆ ಕಟರ್ ಕೈಗೆತ್ತಿಕೊಳ್ಳಬೇಡಿ. ಫಿಟ್ಸ್ ಕಾಯಿಲೆ ಇರುವವರು, ಗರ್ಭಿಣಿಯರು, ಜೊತೆಗೆ ಮದ್ಯದ ಅಭ್ಯಾಸ ಇರುವವರು, ದೊಡ್ಡ ಡೋಸಿನಲ್ಲಿರುವವರು ಇದನ್ನು ಮನೆಯಲ್ಲಿ ಕೂತು ಮಾಡುವ ಕೆಲಸ ಎಂದುಕೊಳ್ಳಲೇಬಾರದು. ಆಸ್ಪತ್ರೆಯಲ್ಲಿದ್ದು ಇಳಿಸುವ ವ್ಯವಸ್ಥೆ ಇರುವುದೇ ಅಂಥವರಿಗಾಗಿ.

ಈಗ ಲೆಕ್ಕಕ್ಕೆ ಬರೋಣ, ಕಟರ್ ಸೋಲುವುದು ಅಲ್ಲೇ. ಅಮೆರಿಕದ ಹಲವು ವೈದ್ಯ ಸಂಘಗಳು ಸೇರಿ 2025ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಶುರುವಿನಲ್ಲಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ. 5ರಿಂದ 10ರಷ್ಟು ಇಳಿಸಬೇಕು, ಎರಡು ವಾರಕ್ಕೆ ಶೇ. 25 ದಾಟಬಾರದು. ರಾತ್ರಿಗೊಂದು 0.5 ಎಂಜಿ ತೆಗೆದುಕೊಳ್ಳುವವರನ್ನೇ ತೆಗೆದುಕೊಳ್ಳಿ. ಹತ್ತು ಶೇಕಡಾ ಅಂದರೆ 0.05 ಎಂಜಿ. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಅತಿ ಚಿಕ್ಕ ಕ್ಲೋನಾಜೆಪಾಮ್ ಮಾತ್ರೆ 0.25 ಎಂಜಿಯದು, ಅದನ್ನು ಅರ್ಧ ಮಾಡಿದರೆ 0.125. ಅಂದರೆ ಮೊದಲ ಮೆಟ್ಟಿಲಲ್ಲೇ 0.5ರಿಂದ 0.375ಕ್ಕೆ ಇಳಿದಿರಿ, ಶೇ. 25 ಹೋಯಿತು. ಅಷ್ಟೇ ಚೂರು ಎರಡನೆಯ ಸಲ ತೆಗೆದಾಗ ಶೇ. 33, ಮೂರನೆಯ ಸಲ ಶೇ. 50, ಕೊನೆಗೆ ಪೂರ್ತಿ ನೂರು. ಕೈಗೆ ಕಾಣುವ ಚೂರು ಒಂದೇ ಅಳತೆಯದು, ಮಿದುಳಿಗೆ ಬೀಳುವ ಪೆಟ್ಟು ಮಾತ್ರ ಪ್ರತಿಸಲವೂ ದೊಡ್ಡದು. ‘ಅರ್ಧದವರೆಗೆ ಸಲೀಸಾಗಿ ಬಂದೆ, ಕೊನೆಯ ಕಾಲು ಮಾತ್ರೆ ಬಿಡೋಕೇ ಆಗ್ತಿಲ್ಲ’ ಎಂದು ಬಹಳ ಜನ ಹೇಳುವುದು ಇದಕ್ಕೇ. ಮನಸ್ಸು ಗಟ್ಟಿಯಿಲ್ಲ ಎಂದು ಅವರನ್ನು ಬೈಯುವ ಮನೆಯವರು ಈ ಭಾಗಾಕಾರವನ್ನು ಒಮ್ಮೆ ಮಾಡಿ ನೋಡಬೇಕು.

0.25ನ್ನು ಕಾಲು ಮಾಡಬಹುದಲ್ಲ? ಮಾಡಬಹುದು, ಆದರೆ ಚಿಕ್ಕ ಮಾತ್ರೆಯನ್ನು ಎರಡನೆಯ ಸಲ ಕತ್ತರಿಸುವಾಗ ತುಂಡು ಜಾರುತ್ತದೆ, ಅಂಚು ಉದುರುತ್ತದೆ, ನಾಲ್ಕರಲ್ಲಿ ಒಂದು ಪುಡಿ. ನಮ್ಮ ಅಜ್ಜಂದಿರು ಅರೆಕಾಲು, ವೀಸ ಎಂದು ಲೆಕ್ಕ ಹಾಕುತ್ತಿದ್ದರು ನಿಜ, ಆದರೆ ಅವರು ಅಳೆಯುತ್ತಿದ್ದುದು ಹೊಲ, ಕಾಳುಗಳನ್ನು.

ಕಟರ್ ಬಳಸುವ ಕ್ರಮ ಹೀಗೆ. ನಡುವೆ ಗೀಟು ಇರುವ ಸಾದಾ ಮಾತ್ರೆಯನ್ನೇ ಆರಿಸಿಕೊಳ್ಳಿ. ಗೀಟು ಬ್ಲೇಡಿನ ನೇರಕ್ಕೆ ಬರುವಂತೆ ‘ವಿ’ ಮೂಲೆಗೆ ಒತ್ತಿ ಕೂರಿಸಿ. ಮುಚ್ಚಳವನ್ನು ಮೆಲ್ಲಗೆ ಅಮುಕಿದರೆ ಮಾತ್ರೆ ಬಿರುಕು ಬಿಟ್ಟು ಓರೆಯಾಗಿ ಒಡೆಯುತ್ತದೆ, ಒಂದೇ ಪಟ್ಟಿಗೆ ಒತ್ತಬೇಕು. ಎರಡು ತುಂಡುಗಳು ಎಂದೂ ಸಮನಾಗಿರುವುದಿಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಮಾತ್ರೆಯ ಎರಡು ತುಂಡನ್ನು ಇವತ್ತು ಒಂದು, ನಾಳೆ ಒಂದು ತೆಗೆದುಕೊಂಡರೆ ಎರಡು ದಿನದ ಮೊತ್ತ ಸರಿಹೋಗುತ್ತದೆ. ಕ್ಲೋನಾಜೆಪಾಮ್ ರಕ್ತದಲ್ಲಿ ಅರ್ಧಕ್ಕಿಳಿಯಲು 18ರಿಂದ 50 ತಾಸು ಬೇಕು, ಆದ್ದರಿಂದ ಒಂದು ದಿನದ ಏರುಪೇರನ್ನು ಅದೇ ನುಂಗಿಕೊಳ್ಳುತ್ತದೆ. ಆಲ್ಪ್ರಾಜೋಲಾಮ್‌ಗೆ ಈ ಉಪಾಯ ನಡೆಯದು. ಅದು ಸುಮಾರು 11 ತಾಸಿನಲ್ಲೇ ಅರ್ಧವಾಗುತ್ತದೆ, ಹೆಚ್ಚುಕಡಿಮೆ ತುಂಡಿನ ಪರಿಣಾಮ ಅದೇ ದಿನ ಗೊತ್ತಾಗುತ್ತದೆ. ಇಡೀ ಸ್ಟ್ರಿಪ್ಪನ್ನು ಒಮ್ಮೆಗೇ ಕತ್ತರಿಸಿ ಡಬ್ಬಿ ತುಂಬಿಡುವುದು ಬೇಡ. ಮಳೆಗಾಲದ ತೇವಕ್ಕೆ, ಅದರಲ್ಲೂ ಕರಾವಳಿ, ಮಲೆನಾಡಿನಲ್ಲಿ, ತುಂಡುಗಳು ಮೆತ್ತಗಾಗಿ ಅಂಚು ಕರಗುತ್ತವೆ. ಬ್ಲೇಡು ಮೊಂಡಾದರೆ ಹೊಸ ಡಬ್ಬಿ ಕೊಳ್ಳಿ. ತರಕಾರಿ ಚಾಕು, ಶೇವಿಂಗ್ ಬ್ಲೇಡು ಇವೆರಡೂ ಮಾತ್ರೆಯನ್ನು ಹಾರಿಸುತ್ತವೆ, ಜೊತೆಗೆ ಬೆರಳನ್ನೂ.

ಮಾತ್ರೆಗಳ ಸರದಿ. ಬಾಯಲ್ಲಿ ಕರಗುವ ‘ಎಂಡಿ’ ಮಾತ್ರೆ 0.25ರಲ್ಲಿ ಸುಲಭವಾಗಿ ಸಿಗುತ್ತದೆಂದು ಎಷ್ಟೋ ಜನ ಅದನ್ನೇ ಕಟರಿಗೆ ಇಡುತ್ತಾರೆ. ತಕ್ಷಣ ಕರಗಲೆಂದೇ ಅದನ್ನು ಪೊಳ್ಳಾಗಿ ಮಾಡಿರುತ್ತಾರೆ. ಬ್ಲೇಡು ತಾಗಿದೊಡನೆ ರವೆಯಾಗುತ್ತದೆ. ಇಡಿಯಾಗಿ ತೆಗೆದುಕೊಳ್ಳುವುದಕ್ಕೆ ಉತ್ತಮ, ಕತ್ತರಿಸುವುದಕ್ಕೆ ಸೊನ್ನೆ ಅಂಕ. ‘ಎಸ್‌ಆರ್’ ಎಂದು ಬರೆದಿರುವ ಆಲ್ಪ್ರಾಜೋಲಾಮ್ ಮಾತ್ರೆಯನ್ನಂತೂ ಕತ್ತರಿಸಲೇಬಾರದು. ಇಡೀ ದಿನ ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧಿ ಒಡೆದ ಮೈಯಿಂದ ಒಮ್ಮೆಗೇ ಹೊರಬರುತ್ತದೆ, ಮೊದಲು ಮಂಪರು, ಸಂಜೆಗೆ ನಡುಕ.

ನಿಜವಾದ ಬಲೆ ಇರುವುದು ಜೋಡಿ ಮಾತ್ರೆಗಳಲ್ಲಿ, ಅಂದರೆ ಒಂದೇ ಮಾತ್ರೆಯೊಳಗೆ ಎರಡು ಔಷಧಿ ಸೇರಿಸಿದವುಗಳಲ್ಲಿ. ಎಸ್ಸಿಟಾಲೋಪ್ರಾಮ್ 10 ಎಂಜಿ ಜೊತೆ ಕ್ಲೋನಾಜೆಪಾಮ್ 0.5 ಎಂಜಿ, ಪ್ರೊಪ್ರನೊಲಾಲ್ ಜೊತೆ ಕ್ಲೋನಾಜೆಪಾಮ್, ಅಮಿಟ್ರಿಪ್ಟಿಲಿನ್ ಜೊತೆ ಕ್ಲೋರ್‌ಡಯಾಜೆಪಾಕ್ಸೈಡ್: ನಮ್ಮಲ್ಲಿ ಇವು ಧಾರಾಳ. ಇವನ್ನು ಅರ್ಧ ಮಾಡಿದರೆ ಎರಡೂ ಔಷಧಿ ಅರ್ಧವಾಗುತ್ತವೆ. ಎಸ್ಸಿಟಾಲೋಪ್ರಾಮ್ ಬೇಗ ಇಳಿದರೆ ತಲೆಸುತ್ತು, ತಲೆಯೊಳಗೆ ಕರೆಂಟು ಹೊಡೆದಂತಹ ಅನುಭವ, ಸಿಡಿಮಿಡಿ. ಪ್ರೊಪ್ರನೊಲಾಲ್ ಥಟ್ಟನೆ ಹೋದರೆ ಎದೆಬಡಿತ. ಆಮೇಲೆ ಯಾವ ತೊಂದರೆ ಯಾವುದರಿಂದ ಬಂತೆಂದು ರೋಗಿಗೂ ತಿಳಿಯದು, ವೈದ್ಯರಿಗೂ ತಿಳಿಯದು. ಇಳಿಸಲು ಶುರು ಮಾಡುವ ಮುಂಚೆಯೇ ‘ಎರಡನ್ನೂ ಬೇರೆಬೇರೆ ಮಾತ್ರೆಯಾಗಿ ಬರೆದುಕೊಡಿ ಡಾಕ್ಟ್ರೇ’ ಎಂದು ಕೇಳಿ, ಒಂದನ್ನು ಹಾಗೇ ಇಟ್ಟು ಇನ್ನೊಂದನ್ನಷ್ಟೇ ಇಳಿಸಿ. ಈ ಬರಹದಿಂದ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಸ್ಟ್ರಿಪ್ಪಿನ ಮುಂಭಾಗದ ದೊಡ್ಡ ಹೆಸರು ನಂಬಬೇಡಿ, ಹಿಂದಿನ ಸಣ್ಣಕ್ಷರ ಓದಿ. ಹೆಸರಿನ ಬಾಲಕ್ಕೆ ‘ಪ್ಲಸ್’ ಇದ್ದರೆ ಒಳಗೆ ಎರಡನೆಯವನೊಬ್ಬ ಕೂತಿರುವ ಸಾಧ್ಯತೆ ಹೆಚ್ಚು.

ಕಟರ್ ಬಿಟ್ಟು ಬೇರೆ ದಾರಿ ಹುಡುಕುವವರು ಎರಡು ಕಡೆ ಎಡವುತ್ತಾರೆ. ಮಾತ್ರೆಯನ್ನು ಒಂದು ಲೋಟ ನೀರಿಗೆ ಹಾಕಿ ಕದಡಿ ಮುಕ್ಕಾಲು ಲೋಟ ಕುಡಿಯುವುದು ಮೊದಲನೆಯದು. ಕ್ಲೋನಾಜೆಪಾಮ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು, ಪುಡಿ ತಳಕ್ಕಿಳಿಯುತ್ತದೆ, ಬಿಟ್ಟ ಕಾಲು ಲೋಟದಲ್ಲೇ ಹೆಚ್ಚು ಔಷಧಿ ಉಳಿದಿರಬಹುದು. ಎರಡನೆಯದು ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಚಿನ್ನ ತೂಗುವ ಪುಟ್ಟ ತಕ್ಕಡಿ. ಅದರ ಕನಿಷ್ಠ ಅಳತೆ 0.01 ಗ್ರಾಂ, ಅಂದರೆ 10 ಎಂಜಿ. 150 ಎಂಜಿ ತೂಗುವ ಮಾತ್ರೆಯಲ್ಲಿ ಹತ್ತು ಶೇಕಡಾ ಎಂದರೆ 15 ಎಂಜಿ. ತಕ್ಕಡಿಯ ತಪ್ಪೇ ಹೆಚ್ಚುಕಡಿಮೆ ನಮ್ಮ ಅಳತೆಯಷ್ಟಾಯಿತು. 0.001 ಗ್ರಾಂ ತೋರಿಸುವ ತಕ್ಕಡಿಯಾದರೆ ಕೆಲಸಕ್ಕೆ ಬರುತ್ತದೆ: ಫ್ಯಾನ್ ಆರಿಸಿ, ಹತ್ತು ಮಾತ್ರೆ ಒಟ್ಟಿಗೆ ತೂಗಿ ಸರಾಸರಿ ತೆಗೆದು, ಬೇಕಾದ ತೂಕ ಬರುವವರೆಗೆ ಒಂದು ಮಾತ್ರೆಯ ಅಂಚು ಕೆರೆಯಬೇಕು. ಕಂಪನಿ ಬದಲಾದರೆ ಮಾತ್ರೆಯ ತೂಕವೂ ಬದಲು, ಲೆಕ್ಕ ಮೊದಲಿಂದ. ವಯಸ್ಸಾದವರಿಗೆ, ಕೈ ನಡುಗುವವರಿಗೆ ಇದು ಹೇಳಿದ್ದಲ್ಲ.

ನೆದರ್‌ಲ್ಯಾಂಡ್ಸ್‌ನಲ್ಲಿ ಇದಕ್ಕೆಂದೇ ಟೇಪರಿಂಗ್ ಸ್ಟ್ರಿಪ್ ಇದೆ. 28 ದಿನಕ್ಕೆ 28 ಪುಟ್ಟ ಪೊಟ್ಟಣಗಳ ಸರ, ಪ್ರತಿಯೊಂದರಲ್ಲೂ ಆ ದಿನದ ಡೋಸು, ಮೇಲೆ ಅಚ್ಚು ಹಾಕಿದ ಅಳತೆ. ಹರಿದು ನುಂಗಿದರೆ ಮುಗಿಯಿತು. ನಮ್ಮ ಅಂಗಡಿಯಲ್ಲಿ ಅಂಥದ್ದಿಲ್ಲ, ಅದಕ್ಕೆ ಹತ್ತಿರದ ಉಪಾಯ ಡಯಾಜೆಪಾಮ್. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1982ರಿಂದ 1994ರವರೆಗೆ ಇಂಥ ಮಾತ್ರೆ ಬಿಡಿಸುವುದಕ್ಕೆಂದೇ ಕ್ಲಿನಿಕ್ ನಡೆಸಿದ ಪ್ರೊಫೆಸರ್ ಹೆದರ್ ಆಷ್ಟನ್ ಅವರ ಪಟ್ಟಿಯಂತೆ 0.5 ಎಂಜಿ ಕ್ಲೋನಾಜೆಪಾಮ್ ಸುಮಾರು 10 ಎಂಜಿ ಡಯಾಜೆಪಾಮ್‌ಗೆ ಸಮ. ಬೇರೆ ಪಟ್ಟಿಗಳಲ್ಲಿ ಈ ಅಂಕಿ ಕಡಿಮೆಯೂ ಇದೆ, ಆದ್ದರಿಂದ ಬದಲಾವಣೆ ವೈದ್ಯರದೇ ಕೆಲಸ, ಮೆಟ್ಟಿಲು ಮೆಟ್ಟಿಲಾಗಿ. ಆ ಪಟ್ಟಿಯ ಲೆಕ್ಕಕ್ಕೆ 0.25 ಕ್ಲೋನಾಜೆಪಾಮ್ ಅಂದರೆ 5 ಎಂಜಿ ಡಯಾಜೆಪಾಮ್. ಡಯಾಜೆಪಾಮ್ 2 ಎಂಜಿ ಮಾತ್ರೆಯಲ್ಲೂ ಬರುತ್ತದೆ, ಅದರ ಕಾಲು 0.5. ಐದರಿಂದ ನಾಲ್ಕೂವರೆಗೆ ಇಳಿಯುವುದು ಬರೀ ಶೇ. 10. ಕೊನೆಗೆ ಬಿಡುವ ಚೂರು ಕ್ಲೋನಾಜೆಪಾಮ್ ಲೆಕ್ಕದಲ್ಲಿ 0.025, ಅಂದರೆ ಮೊದಲಿನ 0.125ರ ಐದನೆಯ ಒಂದು ಪಾಲು. ಇಲ್ಲಿ ಕಟರಿಗೆ ಮತ್ತೆ ಜೀವ ಬರುತ್ತದೆ. ಆದರೆ ಡಯಾಜೆಪಾಮ್ ಮೈಯಲ್ಲಿ ದಿನಗಟ್ಟಲೆ ಕೂಡಿಕೊಳ್ಳುವಂಥದ್ದು: ವಯಸ್ಸಾದವರು ರಾತ್ರಿ ಎದ್ದು ಬಿದ್ದಾರು, ಲಿವರ್ ಕೆಟ್ಟವರಿಗೆ ಇದು ಸಲ್ಲದು.

ಡೋಸು ಇಳಿಸಿದ ಮರುದಿನ ‘ಏನೂ ಆಗಲಿಲ್ಲ’ ಎಂದು ಹಿಗ್ಗಿ ಇನ್ನೊಂದು ಚೂರು ಇಳಿಸುವವರಿದ್ದಾರೆ. ಕ್ಲೋನಾಜೆಪಾಮ್ ನಿಧಾನವಾಗಿ ಖಾಲಿಯಾಗುವ ಔಷಧಿ, ಪೆಟ್ಟು ಕಾಣುವುದು ಕೆಲವು ದಿನ ಬಿಟ್ಟು. ಕನಿಷ್ಠ ಎರಡು ವಾರ ನೋಡಿ. ಕಷ್ಟವಾದರೆ ಅದೇ ಮೆಟ್ಟಿಲಲ್ಲಿ ನಿಂತು ವೈದ್ಯರಿಗೆ ತಿಳಿಸಿ, ನಿಲ್ಲುವುದು ಸೋಲಲ್ಲ. ‘ದಿನ ಬಿಟ್ಟು ದಿನ ತಗೊಳ್ಳಿ’ ಎಂಬ ಪಕ್ಕದ ಮನೆಯ ಸಲಹೆ ಕೇಳಬೇಡಿ, ರಕ್ತದಲ್ಲಿ ಮಟ್ಟ ಏರಿಳಿದು ಪ್ರತಿ ಎರಡನೆಯ ರಾತ್ರಿಯೂ ಚಿಕ್ಕ ವಿತ್‌ಡ್ರಾವಲ್, ಅಂದರೆ ಔಷಧಿ ತಪ್ಪಿದ ಸಂಕಟ, ಆಗುತ್ತದೆ. ಸಂಜೆಯ ಫಿಲ್ಟರ್ ಕಾಫಿ ಬಿಡಿ, ಬೆಳಗಿನದು ಇರಲಿ, ಎರಡನ್ನೂ ಒಮ್ಮೆಗೇ ಬಿಟ್ಟರೆ ಕಾಫಿಯದ್ದೇ ತಲೆನೋವು ಸೇರಿಕೊಳ್ಳುತ್ತದೆ. ಮದ್ಯ ಪೂರ್ತಿ ಬೇಡ. ಟಿಬಿಗೆ ರಿಫಾಂಪಿಸಿನ್ ಶುರುವಾದರೆ ಅದು ಈ ಗುಂಪಿನ ಹಲವು ಔಷಧಿಗಳನ್ನು ಮೈಯಿಂದ ಬೇಗ ಹೊರಗಟ್ಟುತ್ತದೆ, ಅಂದರೆ ನೀವು ಇಳಿಸದೆಯೇ ಡೋಸು ಇಳಿಯುತ್ತದೆ. ಇಬ್ಬರು ವೈದ್ಯರಿಗೂ ಇನ್ನೊಬ್ಬರ ಚೀಟಿ ತೋರಿಸಿ. ನಿದ್ದೆಗೆ, ಆತಂಕಕ್ಕೆ ಯೋಚನೆ, ಅಭ್ಯಾಸ ತಿದ್ದಿಕೊಳ್ಳಲು ಕಲಿಸುವ ಸಿಬಿಟಿ ಮಾದರಿಯ ಕೌನ್ಸೆಲಿಂಗ್ ಜೊತೆಯಲ್ಲಿದ್ದರೆ ಬಿಡುವುದು ಸುಲಭವಾಗುತ್ತದೆ. ಅಶ್ವಗಂಧ ಇದಕ್ಕೆ ಬದಲಿ ಅಲ್ಲ.

ಅಂಗಡಿಯ ವಿಷಯ: ಆಲ್ಪ್ರಾಜೋಲಾಮ್, ಡಯಾಜೆಪಾಮ್ ಇವು 2014ರಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್1 ಎಂಬ ಬಿಗಿ ನಿಯಮದ ಔಷಧಿಗಳ ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಕೊಡುವಂತಿಲ್ಲ, ಕೊಟ್ಟದ್ದನ್ನು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಕ್ಲೋನಾಜೆಪಾಮ್‌ಗೂ ಚೀಟಿ ಬೇಕೇ ಬೇಕು. ಅದಕ್ಕೇ ಚೀಟಿಯಲ್ಲಿ ಬರೀ ‘1/2’ ಎಂದಿರದೆ ‘ಸಾದಾ 0.25 ಎಂಜಿ, ರಾತ್ರಿ ಒಂದೂವರೆ, 14 ದಿನ, 21 ಮಾತ್ರೆ’ ಎಂದು ಬಿಡಿಸಿ ಬರೆಸಿಕೊಳ್ಳಿ. ಭಾನುವಾರ ಸಂಜೆ ಸ್ಟ್ರಿಪ್ ಖಾಲಿಯಾಗಿ, ಅಂಗಡಿಯವರು ಚೀಟಿ ಕೇಳಿ, ಯೋಜನೆಯೇ ಇಲ್ಲದೆ ಡೋಸು ತಪ್ಪಿಹೋಗುವುದು ಎಲ್ಲಕ್ಕಿಂತ ಅಪಾಯದ ಇಳಿಕೆ. ಮೂರು ದಿನದ ಮಾತ್ರೆ ಉಳಿದಿರುವಾಗಲೇ ಹೊಸ ಚೀಟಿ ಕೈಯಲ್ಲಿರಬೇಕು.

ರಾತ್ರಿ ಎರಡಕ್ಕೆ ಎದೆ ಹೊಡೆದುಕೊಳ್ಳುವಾಗ ಕಟರ್ ಮಾತಾಡುವುದಿಲ್ಲ. ಆಗ 14416, ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾದ ಉಚಿತ ಸೇವೆ, ದಿನದ 24 ತಾಸೂ ಇದೆ, ಕನ್ನಡದಲ್ಲೂ ಮಾತಾಡಬಹುದು, ನಿಮ್ಹಾನ್ಸ್ ಇದರ ಕೇಂದ್ರ ಸಂಸ್ಥೆ. ಮೊದಲು ಸಿಗುವವರು ಕೌನ್ಸೆಲರ್. ಗಾಬರಿ ತಗ್ಗಿಸುವುದು, ಇದು ವಿತ್‌ಡ್ರಾವಲ್ ಇರಬಹುದೇ ಎಂದು ವಿಚಾರಿಸುವುದು, ಅಗತ್ಯವಿದ್ದರೆ ತಜ್ಞರಿಗೆ ದಾಟಿಸುವುದು ಅವರ ಕೆಲಸ. ಡೋಸಿನ ಲೆಕ್ಕವನ್ನು ಅವರಿಂದ ನಿರೀಕ್ಷಿಸಬೇಡಿ, ಅದು ನಿಮ್ಮ ವೈದ್ಯರದು. ಫಿಟ್ಸ್ ಬಂದರೆ, ಇಲ್ಲದ್ದು ಕಾಣಿಸಿದರೆ, ಎಲ್ಲಿದ್ದೇನೆಂದು ಗೊತ್ತಾಗದಿದ್ದರೆ, ಜೀವ ತೆಗೆದುಕೊಳ್ಳುವ ಯೋಚನೆ ಬಂದರೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ.

ಅಂಕ ಕೊಡಬೇಕೆಂದರೆ ಕಟರಿಗೆ ಐದರಲ್ಲಿ ಮೂರು. 0.5ರಿಂದ 0.25ರವರೆಗೆ ನಾಲ್ಕು ಕೊಡಬಹುದು, ಅಲ್ಲಿಂದ ಕೆಳಗೆ ಒಂದು, 2 ಎಂಜಿ ಡಯಾಜೆಪಾಮ್ ಜೊತೆಯಾದರೆ ಮತ್ತೆ ನಾಲ್ಕು. ಮನೆಯಲ್ಲಿ ಅಜ್ಜಿಯ ಬಿಪಿ ಮಾತ್ರೆಗೆ ಬೇರೆ ಡಬ್ಬಿ ಇರಲಿ, ಬ್ಲೇಡಿಗೆ ಅಂಟಿದ ಪುಡಿ ಅವರ ಹೊಟ್ಟೆಗೆ ಹೋಗಬಾರದು. ಎಲ್ಲ ಮುಗಿದ ಮೇಲೆ ಉಳಿದ ಸ್ಟ್ರಿಪ್ಪನ್ನು ‘ನಿದ್ದೆ ಬರ್ತಿಲ್ಲ’ ಎನ್ನುವ ನೆಂಟರಿಗೆ ದಾಟಿಸಬೇಡಿ. ಮಾತ್ರೆ ಬಿಡಿಸಿ, ಡಿಕಾಕ್ಷನ್ ಇಳಿಸಿ ಉಳಿದ ಕಾಫಿ ಗಸಿಯಲ್ಲಿ ಕಲಸಿ, ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿ.